ಬಜ್ಪೆ ಗುಡ್ಡದಿಂದ ಲಂಡನ್ ಎಷ್ಟು ದೂರ?

ಮಂಗಳೂರಿನ ಮದುವೆ ಊಟದ ಸಾಲಿನಲ್ಲಿ ವಿದೇಶದಿಂದ ಬಂದ ನಾಲ್ಕು ಜನ ಒಟ್ಟಿಗೆ ಕೂತರೆ ಈ ಮಾತು ಬಂದೇ ಬರುತ್ತದೆ. "ಇಲ್ಲಿಂದಲೇ ಲಂಡನ್‌ಗೆ ಒಂದು ಡೈರೆಕ್ಟ್ ಫ್ಲೈಟ್ ಇದ್ದಿದ್ರೆ!" ಪಕ್ಕದವರ ಉತ್ತರವೂ ರೆಡಿ. "ರನ್‌ವೇ ಗಿಡ್ಡ ಮಾರಾಯ್ರೆ. ಅದೊಂದು ಉದ್ದ ಮಾಡಿದ್ರೆ ಎಲ್ಲ ಬರ್ತದೆ." ಈ ಉತ್ತರದ ಮೊದಲ ಅರ್ಧ ನಿಜ. ಎರಡನೇ ಅರ್ಧದ ಮೇಲೆ ನನಗೆ ಅನುಮಾನ.

ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣ ಶುರುವಾದದ್ದು 1951ರ ಡಿಸೆಂಬರ್ 25ರಂದು. ಪ್ರಧಾನಿ ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದು ಉದ್ಘಾಟನೆ ಮಾಡಿದರು. ಗುಡ್ಡದ ತಲೆ ಸಮ ಮಾಡಿ ಕಟ್ಟಿದ ನಿಲ್ದಾಣ ಇದು. ರನ್‌ವೇ ಉದ್ದ 1,615 ಮೀಟರ್. ಎರಡೂ ತುದಿಯಲ್ಲಿ ಕಣಿವೆ. ಡಕೋಟಾಕ್ಕೆ ಅಷ್ಟು ಧಾರಾಳವಾಗಿ ಸಾಕಿತ್ತು. ಆಮೇಲೆ ಬಂದ ಆವ್ರೋ ವಿಮಾನಕ್ಕೂ ಸಾಕು ಅಂತ ಎಲ್ಲರೂ ಅಂದುಕೊಂಡಿದ್ದರು. 1981ರ ಆಗಸ್ಟ್‌ನಲ್ಲಿ ಮಳೆಗೆ ಒದ್ದೆಯಾದ ರನ್‌ವೇ ದಾಟಿ ಒಂದು ಆವ್ರೋ ಕಣಿವೆಯ ಅಂಚಿನಲ್ಲಿ ಹೋಗಿ ನಿಂತಿತು. ಯಾರೂ ಸಾಯಲಿಲ್ಲ. ಅದರಲ್ಲಿದ್ದ ಪ್ರಯಾಣಿಕರಲ್ಲಿ ವೀರಪ್ಪ ಮೊಯ್ಲಿಯವರೂ ಒಬ್ಬರು.

ಆ ಹೊತ್ತಿಗೆ ಕರಾವಳಿಯ ಹುಡುಗರು ಗಲ್ಫ್‌ಗೆ ಹೋಗಲು ಶುರು ಮಾಡಿ ವರ್ಷಗಳೇ ಆಗಿದ್ದವು. ಆದರೆ ಅವರ ದಾರಿ ಬಜ್ಪೆಯದ್ದಲ್ಲ, ಬೊಂಬಾಯಿಯದ್ದು. ರಾತ್ರಿ ಹಗಲು ಬಸ್ಸಿನಲ್ಲಿ ಕೂತು ಬೊಂಬಾಯಿ ಸೇರುವುದು, ಊರಿನವರ ರೂಮಿನಲ್ಲಿ ಉಳಿಯುವುದು, ಅಲ್ಲಿಂದ ವಿಮಾನ. ಬಜ್ಪೆಯಿಂದಲೇ ದುಬೈಗೆ ವಿಮಾನ ಏರಲು 2006ರ ಅಕ್ಟೋಬರ್‌ ತನಕ ಕಾಯಬೇಕಾಯಿತು. ಅದೇ ವರ್ಷ 2,450 ಮೀಟರ್ ಉದ್ದದ ಹೊಸ ರನ್‌ವೇ ಬಳಕೆಗೆ ಬಂದಿತ್ತು. ಅದೂ ಗುಡ್ಡದ ಮೇಲೆಯೇ. ಸುತ್ತಲಿನ ಜನ ಇದು ಅಪಾಯ ಅಂತ ಕೋರ್ಟಿಗೆ ಹೋಗಿದ್ದರು. ಜಗಳ ಸುಪ್ರೀಂ ಕೋರ್ಟ್ ತನಕ ಹೋಯಿತು, ಕೆಲಸ ನಿಲ್ಲಲಿಲ್ಲ.

2010ರ ಮೇ 15ರಂದು ಕೆಂಜಾರಿನ ಹೊಸ ಟರ್ಮಿನಲ್ ಉದ್ಘಾಟನೆಯಾಯಿತು. ಸರಿಯಾಗಿ ಒಂದು ವಾರಕ್ಕೆ, ಮೇ 22ರ ಬೆಳಗ್ಗೆ, ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿತ್ತು. 166 ಜನರಲ್ಲಿ ಬದುಕಿದ್ದು 8 ಮಂದಿ. ತನಿಖೆ ಮುಖ್ಯವಾಗಿ ಬೊಟ್ಟು ಮಾಡಿದ್ದು ಪೈಲಟ್ ಕಡೆಗೆ. ಸರಿಯಾದ ಎತ್ತರ, ವೇಗಕ್ಕೆ ಬರದಿದ್ದರೂ ಕ್ಯಾಪ್ಟನ್ ಇಳಿಸುವುದನ್ನು ಬಿಟ್ಟು ಮತ್ತೆ ಮೇಲೇರಲಿಲ್ಲ ಎಂದಿತು. ಆದರೆ ಊರಿನ ಮನಸ್ಸಿನಲ್ಲಿ ಉಳಿದದ್ದು ರನ್‌ವೇ ಮಾತ್ರ. ಅಂದಿನಿಂದ ಬಜ್ಪೆಯ ಯಾವ ಚರ್ಚೆಯೂ ಆ ಮೀಟರ್ ಲೆಕ್ಕ ಬಿಟ್ಟು ಮುಂದೆ ಹೋಗುವುದಿಲ್ಲ.

ಈ ಮೀಟರ್ ಲೆಕ್ಕ ಏನು ಅಂತ ತಿಳಿಯಬೇಕಾದರೆ ಗಲ್ಫ್ ವಿಮಾನದ ಹೊತ್ತಿಗೆ ಚೆಕ್-ಇನ್ ಕೌಂಟರ್ ಹತ್ತಿರ ಸುಮ್ನೆ ನಿಂತು ನೋಡಬೇಕು. ನೈಲಾನ್ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಗಳು. ಮೇಲೆ ಮಾರ್ಕರ್ ಪೆನ್ನಿನಲ್ಲಿ ದಪ್ಪಗೆ ಹೆಸರು, ದುಬೈಯ ನಂಬರ್. ತಕ್ಕಡಿಯಲ್ಲಿ ಎರಡು ಕಿಲೋ ಜಾಸ್ತಿ ಬರುತ್ತದೆ. ಪೆಟ್ಟಿಗೆ ಅಲ್ಲೇ ನೆಲದ ಮೇಲೆ ಬಿಚ್ಚಿಕೊಳ್ಳುತ್ತದೆ. ಕುಚ್ಚಲಕ್ಕಿ ಇರಲಿ, ಉಪ್ಪಿನಕಾಯಿ ಇರಲಿ, ಹಲಸಿನ ಹಪ್ಪಳದ ಕಟ್ಟು ಹೊರಗೆ. ಬಿಡಲು ಬಂದ ತಮ್ಮ ಅದನ್ನು ಹಿಡಿದುಕೊಂಡು ಮನೆಗೆ ವಾಪಸ್.

ಗಿಡ್ಡ ರನ್‌ವೇಯಲ್ಲಿ ವಿಮಾನದ ಪಾಡೂ ಇದೇ. ದೂರ ಜಾಸ್ತಿಯಾದಷ್ಟೂ ಇಂಧನ ಜಾಸ್ತಿ, ಇಂಧನ ಜಾಸ್ತಿಯಾದಷ್ಟೂ ತೂಕ ಜಾಸ್ತಿ. ತೂಕದ ವಿಮಾನ ಮೇಲೇಳಲು ಜಾಸ್ತಿ ಓಡಬೇಕು. ಮಂಗಳೂರಿನ ಬಿಸಿಗಾಳಿ ತೆಳು, ಹಾಗಾಗಿ ಇನ್ನಷ್ಟು ಓಡಬೇಕು. ದುಬೈಗೆ ಮೂರೂವರೆ ಗಂಟೆ. ಗಲ್ಫಿಗೆ ಹೋಗುವ ಚಿಕ್ಕ ಬೋಯಿಂಗ್ 737ಕ್ಕೆ ಒಂಬತ್ತು ಹತ್ತು ಟನ್ ಇಂಧನ ಸಾಕಾಗುತ್ತದೆ. ಲಂಡನ್‌ಗೆ ಹತ್ತು ಗಂಟೆಯ ಮೇಲೆ. ಅಷ್ಟು ದೂರ ಹಾರುವ ದೊಡ್ಡ ವಿಮಾನ ಬೋಯಿಂಗ್ 787 ಗಂಟೆಗೆ ಐದು ಟನ್‌ ಆಸುಪಾಸು ಕುಡಿಯುತ್ತದೆ. ಐವತ್ತು ಟನ್ ಇಂಧನ ಹೊತ್ತು 2,450 ಮೀಟರ್‌ನಲ್ಲಿ ಏಳಬೇಕಾದರೆ ಯಾರನ್ನಾದರೂ, ಏನನ್ನಾದರೂ ನೆಲದ ಮೇಲೆ ಬಿಟ್ಟು ಹೋಗಬೇಕು. ಬಿಟ್ಟು ಹೋಗುವುದು ಹಪ್ಪಳವಲ್ಲ, ಟಿಕೆಟ್ ಕೊಡುವ ಪ್ರಯಾಣಿಕರು ಮತ್ತು ಬಾಡಿಗೆ ಕೊಡುವ ಸರಕು.

ಹಾಗಾದರೆ ರನ್‌ವೇ ಉದ್ದ ಮಾಡಿದರೆ ಮುಗಿಯಿತಲ್ವಾ? ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಕಾಸರಗೋಡು ದಾಟಿದರೆ ಕಣ್ಣೂರು. 2018ರ ಡಿಸೆಂಬರ್ 9ರಂದು ತೆರೆದ ಹೊಚ್ಚ ಹೊಸ ನಿಲ್ದಾಣ. ರನ್‌ವೇ 3,050 ಮೀಟರ್. ದೊಡ್ಡ ವಿಮಾನಗಳು ಆರಾಮಾಗಿ ಇಳಿಯಬಹುದು, ಹಜ್ ಕಾಲದಲ್ಲಿ ಇಳಿದದ್ದೂ ಉಂಟು. ಆದರೆ ವಿದೇಶಿ ಕಂಪನಿಗಳು ಅಲ್ಲಿಂದ ದಿನನಿತ್ಯದ ಸೇವೆ ನಡೆಸುವಂತಿಲ್ಲ. ಎರಡು ದೇಶಗಳ ಒಪ್ಪಂದದಲ್ಲಿ ಯಾವ ಊರಿನ ಹೆಸರಿದೆಯೋ ಆ ಊರಿಗೆ ಮಾತ್ರ ವಿದೇಶಿ ಕಂಪನಿ ಬರಬಹುದು. ಇದಕ್ಕೆ 'ಪಾಯಿಂಟ್ ಆಫ್ ಕಾಲ್' ಅನ್ನುತ್ತಾರೆ. ಕಣ್ಣೂರಿಗೆ ದೆಹಲಿ ಅದನ್ನು ಕೊಟ್ಟಿಲ್ಲ. ಇದ್ದ ಭಾರತೀಯ ಕಂಪನಿಗಳಲ್ಲಿ ಗೋ ಫಸ್ಟ್ 2023ರ ಮೇನಲ್ಲಿ ಮುಳುಗಿದಾಗ ನಿಲ್ದಾಣದ ಅರ್ಧ ಜೀವವೇ ಹೋದಂತಾಯಿತು. ಮೂರು ಸಾವಿರ ಮೀಟರ್ ರನ್‌ವೇ ಇದೆ, ಅದಕ್ಕೆ ತಕ್ಕಷ್ಟು ವಿಮಾನ ಇಲ್ಲ. ಬಜ್ಪೆಯ ಗಲ್ಫ್ ಸೇವೆಯನ್ನು ಇಷ್ಟು ವರ್ಷ ಹೊತ್ತು ತಂದವರೂ ಭಾರತದ ಕಂಪನಿಗಳೇ ಅನ್ನುವುದನ್ನು ಇಲ್ಲಿ ನೆನಪಿಡಬೇಕು.

ಇನ್ನೂ ಕೆಳಗೆ ಹೋದರೆ ಕರಿಪುರ, ಅಂದರೆ ಕೋಝಿಕ್ಕೋಡ್ ನಿಲ್ದಾಣ. ಅದೂ ಗುಡ್ಡದ ತಲೆ. 2,860 ಮೀಟರ್ ರನ್‌ವೇಯಲ್ಲಿ ಜಂಬೋ ಜೆಟ್‌ಗಳೇ ಓಡಾಡುತ್ತಿದ್ದ ಕಾಲವಿತ್ತು. ರನ್‌ವೇ ರಿಪೇರಿಗೆಂದು 2015ರಲ್ಲಿ ದೊಡ್ಡ ವಿಮಾನಗಳನ್ನು ನಿಲ್ಲಿಸಿದರು. ಮತ್ತೆ ಬಂದದ್ದು 2018ರ ಡಿಸೆಂಬರಿನಲ್ಲಿ. 2020ರ ಆಗಸ್ಟ್ 7ರ ದುರಂತದ ನಂತರ ಮತ್ತೆ ಬಾಗಿಲು ಬಂದ್. ಅಂದು ಬಿದ್ದದ್ದು ದೊಡ್ಡ ವಿಮಾನವಲ್ಲ, ಅದೇ ಚಿಕ್ಕ 737. ನಿಂತದ್ದು ಮಾತ್ರ ದೊಡ್ಡವು.

ಅನುಮತಿಯೂ ಇದೆ, ಉದ್ದವೂ ಇದೆ ಅಂತಿಟ್ಟುಕೊಳ್ಳೋಣ. ಕೊಚ್ಚಿಗೆ ಎರಡೂ ಇವೆ. ರನ್‌ವೇ 3,400 ಮೀಟರ್, ವರ್ಷಕ್ಕೆ ಕೋಟಿ ಪ್ರಯಾಣಿಕರು, ಬ್ರಿಟನ್ ತುಂಬ ಮಲಯಾಳಿ ನರ್ಸುಗಳು. 2020ರಲ್ಲಿ ಏರ್ ಇಂಡಿಯಾ ಲಂಡನ್ ನೇರ ಸೇವೆ ಶುರು ಮಾಡಿದಾಗ ನಿಲ್ದಾಣದವರು ಲ್ಯಾಂಡಿಂಗ್ ಶುಲ್ಕವನ್ನೇ ಬಿಟ್ಟುಕೊಟ್ಟರು. ಆದರೂ 2025ರ ಮಾರ್ಚ್‌ನಲ್ಲಿ ಅದು ನಿಂತಿತು. ಗೋವಾದಿಂದ ಲಂಡನ್ನಿನ ಗ್ಯಾಟ್ವಿಕ್‌ಗೆ 2023ರಲ್ಲಿ ಶುರುವಾದ ವಾರಕ್ಕೆ ಮೂರು ವಿಮಾನಗಳೂ 2025ರ ಜೂನ್‌ನಲ್ಲಿ ನಿಂತವು, ಅಹಮದಾಬಾದ್ ದುರಂತದ ನಂತರ ಕಂಪನಿ ತನ್ನ ದೊಡ್ಡ ವಿಮಾನಗಳ ಹಾರಾಟ ಕಡಿತ ಮಾಡಿದಾಗ. ಕಡಿತ ಅಂತ ಬಂದಾಗ ಕತ್ತರಿ ಮೊದಲು ಇಂಥ ಊರುಗಳ ಮೇಲೇ ಬೀಳುತ್ತದೆ. ವಿಮಾನ ಕಡಿಮೆ ಬಿದ್ದರೆ ದೆಹಲಿ ಮುಂಬೈಯಿಂದ ಯಾರು ಕೀಳುತ್ತಾರೆ ಹೇಳಿ?

ಬಜ್ಪೆಗೆ ನನಗೆ ತುಂಬ ಹೋಲಿಕೆ ಕಾಣುವುದು ಮಾತ್ರ ಬ್ರಿಟನ್ನಿನ ಕಾರ್ಡಿಫ್‌ನಲ್ಲಿ. ವೇಲ್ಸ್‌ನ ರಾಜಧಾನಿ. ಅಲ್ಲಿನ ಸರ್ಕಾರ 2013ರಲ್ಲಿ 5.2 ಕೋಟಿ ಪೌಂಡ್ ಕೊಟ್ಟು ನಿಲ್ದಾಣವನ್ನು ಕೊಂಡುಕೊಂಡಿತು. 2018ರ ಮೇ 1ರಂದು ಕತಾರ್ ಏರ್‌ವೇಸ್ ದೋಹಾಕ್ಕೆ ದಿನವೂ ಹಾರಲು ಶುರು ಮಾಡಿತು, 787 ಡ್ರೀಮ್‌ಲೈನರ್‌ನಲ್ಲಿ. ರನ್‌ವೇ? 2,400 ಮೀಟರಿನೊಳಗೆ, ನಮ್ಮದಕ್ಕಿಂತಲೂ ತುಸು ಗಿಡ್ಡ! ಅಲ್ಲಿ ಚಳಿ, ದೋಹಾ ಏಳು ಗಂಟೆಯ ಹಾದಿ, ತೂಕ ಹೊಂದಿಸಿಕೊಳ್ಳಬಹುದಿತ್ತು. 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದು ಸೇವೆ ನಿಂತಿತು. ಕೋವಿಡ್ ಹೋಯಿತು, ವಿಮಾನ ಬರಲಿಲ್ಲ. ಪಕ್ಕದಲ್ಲೇ ಬ್ರಿಸ್ಟಲ್, ಎರಡು ಎರಡೂವರೆ ಗಂಟೆ ರಸ್ತೆಯಲ್ಲಿ ಹೋದರೆ ಲಂಡನ್ನಿನ ದೊಡ್ಡ ನಿಲ್ದಾಣ ಹೀಥ್ರೂ. ವೇಲ್ಸ್‌ನ ಜನ ಕಾರು ಹತ್ತಿ ಹೋಗುತ್ತಾರೆ. ನಿಲ್ದಾಣಕ್ಕೆ ಪೈಪೋಟಿ ಆಕಾಶದಲ್ಲಿ ಇರಲಿಲ್ಲ, ರಸ್ತೆಯಲ್ಲಿ ಇತ್ತು.

ನಮ್ಮ ಹೀಥ್ರೂ ದೇವನಹಳ್ಳಿ. ಶಿರಾಡಿ ಘಾಟಿ ಹತ್ತಿಳಿದು, ರಾತ್ರಿ ಬಸ್ಸಿನಲ್ಲಿ ಸೊಂಟ ಮುರಿದುಕೊಂಡು, ಬೆಂಗಳೂರು ದಾಟಿ ಮತ್ತೆ ಅಷ್ಟು ದೂರ. ಮಳೆಗಾಲದಲ್ಲಿ ಗುಡ್ಡ ಜರಿದರೆ ಅದೂ ಇಲ್ಲ. ಆದರೂ ಜನ ಹೋಗುತ್ತಾರೆ, ಟಿಕೆಟ್‌ನಲ್ಲಿ ಉಳಿಯುವ ದುಡ್ಡಿಗಾಗಿ. ಬೆಂಗಳೂರಿಗೆ ಯುರೋಪಿನ ಕಂಪನಿಗಳು ಬಂದದ್ದು ಹಳೆಯ ಎಚ್‌ಎಎಲ್ ನಿಲ್ದಾಣದ ಕಾಲದಲ್ಲೇ. ಅವು ಬಂದದ್ದು ನಮ್ಮಂಥ ಹಿಂದಿನ ಸೀಟಿನವರನ್ನು ನೋಡಿ ಅಲ್ಲ. ಮುಂದಿನ ಬಿಸಿನೆಸ್ ಕ್ಲಾಸ್ ಸೀಟಿಗೆ ಕಂಪನಿಯ ಖರ್ಚಿನಲ್ಲಿ ವರ್ಷವಿಡೀ ಓಡಾಡುವ ಐಟಿಯವರು ಅಲ್ಲಿದ್ದರು. ದೂರದ ವಿಮಾನ ಬದುಕುವುದು ಆ ನಾಲ್ಕು ಸಾಲುಗಳಿಂದ.

ಲೆಕ್ಕ ಹಾಕಿ ನೋಡೋಣ. ಏರ್ ಇಂಡಿಯಾದ ಹಳೆಯ 787ರಲ್ಲಿ 256 ಸೀಟು, ಅದರಲ್ಲಿ ಬಿಸಿನೆಸ್ ಕ್ಲಾಸ್ 18. ವಾರಕ್ಕೆ ಮೂರು ಸಲ ಹೋಗಿ ಬಂದರೆ 1,536 ಸೀಟು. ವರ್ಷಕ್ಕೆ 80 ಸಾವಿರದ ಹತ್ತಿರ. ಬಜ್ಪೆಯಿಂದ ವರ್ಷಕ್ಕೆ 20 ಲಕ್ಷಕ್ಕೂ ಹೆಚ್ಚು ಜನ ಓಡಾಡುತ್ತಾರೆ, ಇದೇನು ಮಹಾ ಅನ್ನಿಸಬಹುದು. ಡಿಸೆಂಬರಿನಲ್ಲಿ ವಿಮಾನ ತುಂಬುತ್ತದೆ, ಸಂಶಯವಿಲ್ಲ. ಕ್ರಿಸ್‌ಮಸ್, ಮದುವೆ, ಕೋಲ, ನೇಮ. ಜುಲೈಯ ಮಂಗಳವಾರ ಏನು ಮಾಡುವುದು? ಆ 18 ಸೀಟುಗಳಲ್ಲಿ ಯಾರನ್ನು ಕೂರಿಸುವುದು?

ಊಟದ ಸಾಲಿನ ಆ ನಾಲ್ವರ ಹತ್ತಿರ ಮತ್ತೆ ಹೋಗೋಣ. ವಿಚಾರಿಸಿದರೆ ಒಬ್ಬರು ಲಂಡನ್, ಒಬ್ಬರು ಡಬ್ಲಿನ್, ಒಬ್ಬರು ಟೊರಾಂಟೊ, ಮತ್ತೊಬ್ಬರು ಮೆಲ್ಬರ್ನ್. ಲಂಡನ್ ವಿಮಾನ ನಾಲ್ವರಲ್ಲಿ ಒಬ್ಬರಿಗೆ ಮಾತ್ರ ನೇರ. ದುಬೈ, ಅಬುಧಾಬಿ ವಿಮಾನ ನಾಲ್ವರನ್ನೂ ಹತ್ತಿಸಿಕೊಂಡು ಅಲ್ಲಿಂದ ದಿಕ್ಕಿಗೊಬ್ಬರಂತೆ ಕಳಿಸುತ್ತದೆ. ಬಜ್ಪೆಯಂಥ ಊರಿಗೆ ಒಂದೇ ಟಿಕೆಟ್‌ನಲ್ಲಿ, ಲಗೇಜು ಕೊನೆಯ ಊರಿನಲ್ಲೇ ಕೈಗೆ ಸಿಗುವಂತೆ ಒಂದು ಒಳ್ಳೆಯ ಗಲ್ಫ್ ಕನೆಕ್ಷನ್ ಸಿಕ್ಕರೆ, ಲಂಡನ್ ವಿಮಾನಕ್ಕಿಂತ ಅದೇ ಲಾಭ ಅಂತ ನನ್ನ ಲೆಕ್ಕ. ಇದಕ್ಕೆ ಬೇಕಾದ್ದು ಕಾಂಕ್ರೀಟಲ್ಲ, ದೆಹಲಿಯ ಒಂದು ಸಹಿ.

ರನ್‌ವೇ ಹಿಗ್ಗಿಸುವುದು ಬೇಡ ಅಂತಲ್ಲ. ಅದು ಬೇಕು, ಬೇರೆ ಕಾರಣಕ್ಕೆ. ಮಳೆಯಲ್ಲಿ ಸ್ವಲ್ಪ ಮುಂದೆ ಇಳಿದ ವಿಮಾನಕ್ಕೆ ನಿಲ್ಲಲು ಜಾಗ ಬೇಕು. ಅದಕ್ಕೆ ಜಮೀನು ಕೊಳ್ಳಬೇಕು, ಕಣಿವೆ ತುಂಬಬೇಕು.

ಈಗ ಹೊಸದೊಂದು ಆಸೆ ಹುಟ್ಟಿದೆ. ಏರ್‌ಬಸ್‌ನ ಎ321 ಎಕ್ಸ್ಎಲ್ಆರ್. ನೋಡಲು ಗಲ್ಫ್ ವಿಮಾನದಂತೆಯೇ, ನಡುವೆ ಒಂದೇ ದಾರಿ. ಹಾರುವ ದೂರ ಮಾತ್ರ 8,700 ಕಿಲೋಮೀಟರ್. 2024ರ ನವೆಂಬರ್‌ನಲ್ಲಿ ಸ್ಪೇನಿನ ಐಬೇರಿಯಾ ಕಂಪನಿ ಇದರಲ್ಲಿ ಮ್ಯಾಡ್ರಿಡ್‌ನಿಂದ ಬಾಸ್ಟನ್‌ಗೆ ಹಾರಿತು. ಇಂಡಿಗೋ ಕೂಡ ಆರ್ಡರ್ ಕೊಟ್ಟಿದೆ. ತುಂಬಿಸಬೇಕಾದ ಸೀಟು ಕಡಿಮೆ, ಹಾಗಾಗಿ ಜುಲೈಯ ಮಂಗಳವಾರದ ಭಯವೂ ಕಡಿಮೆ. ಲಂಡನ್ ಅದರ ಅಳತೆಯೊಳಗೇ ಬರುತ್ತದೆ. ಆದರೆ ಟ್ಯಾಂಕ್ ತುಂಬಿದ ಎಕ್ಸ್ಎಲ್ಆರ್ 101 ಟನ್ ತೂಗುತ್ತದೆ, ಈಗ ಬರುವ 737-800ಕ್ಕಿಂತ ಇಪ್ಪತ್ತು ಟನ್ ಜಾಸ್ತಿ. ಏಪ್ರಿಲ್ ಮಧ್ಯಾಹ್ನದ ಸೆಖೆಯಲ್ಲಿ ಬಜ್ಪೆ ಗುಡ್ಡದ ಮೇಲೆ ಅದೂ ಪೆಟ್ಟಿಗೆ ಬಿಚ್ಚಿಕೊಂಡು ಕೂರಬೇಕಾಗುತ್ತದೆ, ಯಾವುದನ್ನು ಒಯ್ಯಲಿ, ಯಾವುದನ್ನು ತಮ್ಮನ ಕೈಗೆ ಕೊಡಲಿ ಅಂತ.