ಪ್ರಿಂಟ್ ಹೇಗಿತ್ತು?

ವಿಡಿಯೋ ಕ್ಯಾಸೆಟ್ ಲೈಬ್ರರಿಗಳ ಕಾಲದಲ್ಲಿ ಸಿನಿಮಾ ಹೇಗಿದೆ ಅಂತ ಯಾರೂ ಮೊದಲು ಕೇಳುತ್ತಿರಲಿಲ್ಲ. ಪ್ರಿಂಟ್ ಹೇಗಿದೆ, ಅಂದರೆ ಆ ಕಾಪಿಯಲ್ಲಿ ಚಿತ್ರ ಎಷ್ಟು ಚೆನ್ನಾಗಿ ಕಾಣುತ್ತದೆ ಅಂತ ಕೇಳುತ್ತಿದ್ದರು. ಕ್ಯಾಸೆಟ್ ಓಡಿಸುವ ವಿಸಿಆರ್, ಕಲರ್ ಟಿವಿ ಎರಡನ್ನೂ ಒಂದು ರಾತ್ರಿಗೆ ಬಾಡಿಗೆಗೆ ತಂದು, ಬೆಳಗಾಗುವುದರೊಳಗೆ ಮೂರು ಸಿನಿಮಾ ನೋಡಿ ಮುಗಿಸಬೇಕಾದವರಿಗೆ ಅದೇ ದೊಡ್ಡ ಪ್ರಶ್ನೆ. ಹಾರರ್ ಸಿನಿಮಾಗಳ ಬಗ್ಗೆ ಬರೆಯಲು ಶುರು ಮಾಡಿದ ಮೇಲೆ ನಾನು ಆ ಪ್ರಶ್ನೆಯನ್ನೇ ಮರೆತುಬಿಟ್ಟಿದ್ದೆ. ಕಥೆ, ನಟನೆ, ಸಂಗೀತ ಅಂತ ಬರೆದು ಮುಗಿಸುತ್ತಿದ್ದೆ. ಆಮೇಲೆ ಒಂದೇ ಸಿನಿಮಾವನ್ನು ಹಳೇ ವಿಎಚ್‌ಎಸ್ ವಿಡಿಯೋ ಟೇಪಿನಲ್ಲೂ ಬ್ಲೂ-ರೇ ಡಿಸ್ಕಿನಲ್ಲೂ ಒಂದೇ ವಾರದಲ್ಲಿ ನೋಡಿದೆ. ನನಗೆ ಹೆದರಿಕೆ ಹುಟ್ಟಿದ ಜಾಗಗಳೇ ಬೇರೆ ಬೇರೆ! ಅಲ್ಲಿಂದ ಮುಂದೆ, ಯಾರಾದರೂ ಒಂದು ಹಾರರ್ ಸಿನಿಮಾ ಚೆನ್ನಾಗಿಲ್ಲ ಅಂದರೆ ನಾನು ಮೊದಲು ಕೇಳುವುದು ಇದನ್ನೇ. ನೀವು ನೋಡಿದ್ದು ಯಾವ ಕಾಪಿ?

ನನ್ನ ಹತ್ತಿರ ಒಂದು ಟೇಪ್ ಇದೆ, ಬಾಗಿಲು ಮುಚ್ಚಿದ ಒಂದು ಕ್ಯಾಸೆಟ್ ಅಂಗಡಿಯಿಂದ ತಂದದ್ದು. ಸಿನಿಮಾ ಅರ್ಧ ದಾಟಿದ ಮೇಲೆ ಒಂದು ಕಡೆ ಚಿತ್ರ ಸ್ವಲ್ಪ ನಡುಗುತ್ತದೆ, ಬಿಳಿ ಚುಕ್ಕಿ ಬರುತ್ತವೆ, ಅಡ್ಡ ಗೆರೆಗಳು ಓಡುತ್ತವೆ. ಹತ್ತೇ ಸೆಕೆಂಡಿನಲ್ಲಿ ಅತಿ ಭಯಂಕರ ದೃಶ್ಯ ಬಂದೇಬಿಡುತ್ತದೆ. ಇದು ಆಕಸ್ಮಿಕ ಅಲ್ಲ. ಆ ದೃಶ್ಯವನ್ನು ಬಾಡಿಗೆಗೆ ಒಯ್ದವರೆಲ್ಲ ಹಿಂದೆ ಓಡಿಸಿ ಮತ್ತೆ ಮತ್ತೆ ನೋಡಿದ್ದಾರೆ, ಪಾಸ್ (pause) ಬಟನ್ ಒತ್ತಿ ನಿಲ್ಲಿಸಿದ್ದಾರೆ.

ಪಾಸ್ ಒತ್ತಿದರೆ ಏನಾಗುತ್ತದೆ ನೋಡಿ. ಟೇಪಿನ ಅಗಲ 12.7 ಮಿಲಿಮೀಟರ್, ಅಂದರೆ ಅರ್ಧ ಇಂಚು. ಪಾಲಿಯೆಸ್ಟರ್ ಪಟ್ಟಿಯ ಮೇಲೆ ಕಬ್ಬಿಣದ ಆಕ್ಸೈಡ್ ಪುಡಿಯನ್ನು ಅಂಟಿನಲ್ಲಿ ಕಲಸಿ ಬಳಿದಿರುತ್ತಾರೆ, ತುಕ್ಕಿನ ಜಾತಿಗೇ ಸೇರಿದ ಪುಡಿ ಅದು. ನಮ್ಮ ದೇಶದ ಟಿವಿಗಳಲ್ಲಿದ್ದ ಪಾಲ್ (PAL) ಪದ್ಧತಿಯಲ್ಲಿ ಈ ಟೇಪ್ ಸೆಕೆಂಡಿಗೆ ಬರೀ 23.39 ಮಿಲಿಮೀಟರ್ ಮುಂದೆ ಸಾಗುತ್ತದೆ. ಇಷ್ಟು ನಿಧಾನಕ್ಕೆ ಸಾಗುವ ಟೇಪಿನಲ್ಲಿ ಚಿತ್ರ ಹಿಡಿಸುವುದು ಆಗದ ಮಾತು. ಅದಕ್ಕೇ ವಿಸಿಆರ್ ಒಳಗೆ 62 ಮಿಲಿಮೀಟರ್ ಅಡ್ಡಳತೆಯ ಒಂದು ಡ್ರಮ್ ಓರೆಯಾಗಿ ನಿಂತು ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಅದರ ಮೇಲಿನ ಪುಟ್ಟ ಹೆಡ್‌ಗಳು ಟೇಪನ್ನು ಓರೆ ಓರೆ ಗೆರೆಗಳಲ್ಲಿ ಓದುತ್ತವೆ. ಪಾಸ್ ಒತ್ತಿದಾಗ ಟೇಪ್ ನಿಲ್ಲುತ್ತದೆ, ಡ್ರಮ್ ನಿಲ್ಲುವುದಿಲ್ಲ. ಐದು ನಿಮಿಷ ಪಾಸ್ ಮಾಡಿ ಚಹಾ ಕುಡಿದು ಬಂದರೆ ಅದೇ ಬೆರಳಗಲದ ಜಾಗದ ಮೇಲೆ ಡ್ರಮ್ 7500 ಸಲ ಸುತ್ತಿರುತ್ತದೆ. ಪುಡಿ ಉದುರುತ್ತದೆ. ಹಾಗಾಗಿ ಬಾಡಿಗೆ ಟೇಪಿನಲ್ಲಿ ಚುಕ್ಕಿ ಶುರುವಾಯಿತು ಅಂದರೆ ನೋಡುವವರು ದಿಂಬು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದರು. ನಿರ್ದೇಶಕರು ಎಲ್ಲೂ ಇಡದ ಮುನ್ಸೂಚನೆ ಅದು, ಹಿಂದೆ ನೋಡಿದವರು ಬಿಟ್ಟುಹೋದದ್ದು.

ಇನ್ನು ರಕ್ತದ ವಿಷಯ. ಟೇಪಿನಲ್ಲಿ ರಕ್ತ ಯಾವಾಗಲೂ ಅಂಗಿಯ ಆಚೆಗೂ ಹರಡಿದ ಹಾಗೆ ಕಾಣುತ್ತದೆ, ಅಲ್ವಾ? ಕೆಂಪು ಬಣ್ಣ ತನ್ನ ಗೆರೆ ದಾಟಿ ಪಕ್ಕಕ್ಕೆ ಜಾರಿರುತ್ತದೆ. ಜಪಾನಿನ ಜೆವಿಸಿ ಕಂಪನಿ 1976ರಲ್ಲಿ ವಿಎಚ್‌ಎಸ್ ಬಿಡುಗಡೆ ಮಾಡಿದಾಗ ಅವರ ಮುಂದಿದ್ದ ಕಷ್ಟ ಎಂದರೆ ಜಾಗದ ಕೊರತೆ. ಮನೆ ಟಿವಿಯ ಪೂರ್ತಿ ಚಿತ್ರ ಆ ಅರ್ಧ ಇಂಚಿನಲ್ಲಿ ಹಿಡಿಸುತ್ತಿರಲಿಲ್ಲ. ನಮ್ಮ ಕಣ್ಣು ಬೆಳಕು-ನೆರಳಿನ ಅಂಚನ್ನು ಚೂಪಾಗಿ ಗುರುತಿಸುತ್ತದೆ, ಬಣ್ಣದ ಅಂಚನ್ನು ಅಷ್ಟು ಚೂಪಾಗಿ ಗುರುತಿಸುವುದಿಲ್ಲ. ಎಂಜಿನಿಯರ್‌ಗಳು ಇದನ್ನೇ ನೆಚ್ಚಿಕೊಂಡರು. ಕಪ್ಪು-ಬಿಳುಪು ಚಿತ್ರಕ್ಕೆ ಸಿಗ್ನಲ್ಲಿನಲ್ಲಿ ಸುಮಾರು 3 ಮೆಗಾಹರ್ಟ್ಸ್ ಜಾಗ ಕೊಟ್ಟು, ಬಣ್ಣವನ್ನು ಅದರ ಕೆಳಗೆ, 627 ಕಿಲೋಹರ್ಟ್ಸ್ ಹತ್ತಿರದ ಇಕ್ಕಟ್ಟಾದ ಮೂಲೆಗೆ ತಳ್ಳಿದರು. ಬಣ್ಣಕ್ಕೆ ಸಿಕ್ಕ ವಿವರ ಕಪ್ಪು-ಬಿಳುಪಿಗೆ ಸಿಕ್ಕ ವಿವರದ ಐದಾರರಲ್ಲಿ ಒಂದು ಪಾಲು ಅಷ್ಟೇ. ಮೊದಲು ಚೂಪು ಪೆನ್ಸಿಲ್‌ನಲ್ಲಿ ಚಿತ್ರ ಬರೆದು, ಆಮೇಲೆ ದಪ್ಪ ಬ್ರಶ್‌ನಲ್ಲಿ ಬಣ್ಣ ತುಂಬಿದ ಹಾಗೆ.

ಹಸಿರು ಎಲೆ, ನೀಲಿ ಆಕಾಶ ಇದನ್ನು ತಡೆದುಕೊಳ್ಳುತ್ತವೆ. ಕಡುಗೆಂಪಿಗೆ ಮಾತ್ರ ಆಗುವುದಿಲ್ಲ. ಟಿವಿ ಲೆಕ್ಕದಲ್ಲಿ ಒಂದು ಬಿಂದುವಿನ ಬೆಳಕಿಗೆ ಹಸಿರಿನ ಕೊಡುಗೆ ಶೇಕಡ 59, ಕೆಂಪಿನದು 30, ನೀಲಿಯದು 11. ಕತ್ತಲ ಕೋಣೆ, ಗಾಢ ಬಣ್ಣದ ಅಂಗಿ, ಅದರ ಮೇಲೆ ಕಡುಗೆಂಪು ರಕ್ತ ಅಂದುಕೊಳ್ಳಿ. ಬೆಳಕಿನಲ್ಲಿ ಅಂಗಿಗೂ ರಕ್ತಕ್ಕೂ ದೊಡ್ಡ ವ್ಯತ್ಯಾಸ ಇರುವುದಿಲ್ಲ. ಇಲ್ಲಿ ರಕ್ತ ಮುಗಿಯಿತು ಅಂತ ತೋರಿಸುವ ಕೆಲಸ ಪೂರ್ತಿ ಆ ದಪ್ಪ ಬ್ರಶ್ಶಿನ ಮೇಲೆ ಬೀಳುತ್ತದೆ. ಕಾಪಿಯಿಂದ ಕಾಪಿ ಮಾಡಿದ ಟೇಪ್ ಆದರಂತೂ ಸರಿಯೇ ಸರಿ, ಪ್ರತಿ ಕಾಪಿಗೂ ಕೆಂಪು ಇನ್ನಷ್ಟು ಹರಡಿ ಕೊನೆಗೆ ಗಾಳಿಯಲ್ಲಿ ತೇಲುವ ಹಾಗೆ ಕಾಣುತ್ತದೆ. ಬ್ಲೂ-ರೇಯಲ್ಲಿ ಅದೇ ರಕ್ತ ನೋಡಿದರೆ ಬಣ್ಣ ಹಾಕಿದ ಪಾಕ ಅಂತ ತಕ್ಷಣ ಗೊತ್ತಾಗುತ್ತದೆ. ಟೇಪಿನಲ್ಲಿ ಅದು ಏನು ಅಂತ ಗೊತ್ತಾಗುವುದಿಲ್ಲ, ನನಗೆ ಅದೇ ಜಾಸ್ತಿ ಭಯ ಹುಟ್ಟಿಸುತ್ತದೆ.

ಈ ಗೊತ್ತಾಗದಿರುವುದರಲ್ಲಿ ನಮ್ಮ ಮಿದುಳಿನ ಪಾಲೂ ಇದೆ. ಮಸುಕಿನಲ್ಲಿ ಮುಖ ಹುಡುಕುವುದು ಅದರ ಹಳೇ ಅಭ್ಯಾಸ. ಗೋಡೆಯ ಕಲೆಯಲ್ಲಿ, ಮೋಡದಲ್ಲಿ ಮುಖ ಕಾಣುವುದು ಇದರಿಂದಲೇ. ಕತ್ತಲ ಕಾರಿಡಾರಿನ ಮೇಲೆ ಟೇಪಿನ ಚುಕ್ಕಿಗಳು ಗಿಜಿಗುಟ್ಟುತ್ತಿದ್ದರೆ ಕಣ್ಣು ಅಲ್ಲಿ ಯಾರೋ ನಿಂತಿದ್ದಾರೆ ಅಂತ ಹುಡುಕುತ್ತಲೇ ಇರುತ್ತದೆ. ಹಾಗಂತ ಚಿತ್ರ ಎಷ್ಟು ಕೆಟ್ಟರೆ ಅಷ್ಟು ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಡೆನ್ಮಾರ್ಕಿನ ಆರ್ಹಸ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಭೂತದ ಮನೆಗೆ ಹೋದ 110 ಜನರ ಹೃದಯಬಡಿತ ಅಳೆದು 2020ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಹೆದರಿಕೆ ತೀರಾ ಕಡಿಮೆಯಾದರೂ ಖುಷಿ ಇಲ್ಲ, ತೀರಾ ಜಾಸ್ತಿಯಾದರೂ ಇಲ್ಲ, ನಡುವೆ ಎಲ್ಲೋ ಒಂದು ಹದ ಇದೆ ಅಂತ ಅವರಿಗೆ ಕಂಡುಬಂತು. ಹಾಳಾದ ಟೇಪ್ ಆ ಹದವನ್ನು ಕೆಲವು ಕಡೆ ಕೂಡಿಸುತ್ತದೆ, ಕೆಲವು ಕಡೆ ಕೆಡಿಸುತ್ತದೆ.

ಕೆಡಿಸಿದ್ದಕ್ಕೆ ಉದಾಹರಣೆ ಬೇಕಾದರೆ 1978ರ ಹ್ಯಾಲೋವೀನ್ ಸಿನಿಮಾ ನೋಡಿ. ಅದನ್ನು ಅಗಲ ಪರದೆಯ ಪ್ಯಾನಾವಿಷನ್‌ನಲ್ಲಿ ತೆಗೆದದ್ದು, ಚಿತ್ರದ ಅಗಲ ಎತ್ತರದ ಎರಡೂವರೆ ಪಟ್ಟಿಗೆ ಹತ್ತಿರ. ಹಳೇ ಟಿವಿಯ ಅಗಲ ಎತ್ತರದ 1.33 ಪಟ್ಟು. ಪರದೆ ತುಂಬಿಸಲು ಎರಡೂ ಪಕ್ಕ ಕತ್ತರಿಸಿ ಟೇಪಿಗೆ ಹಾಕಿದಾಗ ಹತ್ತಿರ ಹತ್ತಿರ ಅರ್ಧ ಚಿತ್ರ ಹೋಯಿತು. ಆ ಸಿನಿಮಾದ ಹೆದರಿಕೆ ಇರುವುದೇ ಅಂಚುಗಳಲ್ಲಿ, ಮೂಲೆಯ ನೆರಳಿನಲ್ಲಿ ಸುಮ್ನೆ ನಿಂತಿರುವ ಕೊಲೆಗಾರನ ಆ ಬಿಳಿ ಮುಖವಾಡದಲ್ಲಿ. ಅಂಚನ್ನೇ ಕತ್ತರಿಸಿದ ಟೇಪ್ ನೋಡಿ ಯಾರಾದರೂ ಇದರಲ್ಲಿ ಏನಿದೆ ಅಂದಿದ್ದರೆ ಅವರನ್ನು ಬೈಯುವ ಹಾಗಿಲ್ಲ.

ಅವಧಿಯದೂ ಹೀಗೇ. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮ್, ಪಾಲ್ ಟಿವಿ ತೋರಿಸುವುದು 25. ಸುಲಭದ ದಾರಿ ಅಂತ ಸಿನಿಮಾವನ್ನೇ ಸ್ವಲ್ಪ ಬೇಗ ಓಡಿಸುತ್ತಿದ್ದರು. 100 ನಿಮಿಷದ ಸಿನಿಮಾ 96ಕ್ಕೆ ಮುಗಿಯುತ್ತಿತ್ತು, ದನಿಗಳು ಚೂರು ಕೀರಲಾಗುತ್ತಿದ್ದವು. ಟೇಪಿನ ಡಬ್ಬಿ ಹಿಡಿದುಕೊಂಡು ನಾಲ್ಕು ನಿಮಿಷಕ್ಕೆ ಸೆನ್ಸಾರ್ ಕತ್ತರಿ ಬಿದ್ದಿದೆ ಅಂತ ಜಗಳಕ್ಕೆ ಹೋಗುವ ಮುಂಚೆ ಈ ಲೆಕ್ಕ ಹಾಕಬೇಕು. ಬ್ರಿಟನ್ನಿನಲ್ಲಿ ನಿಜವಾಗಿಯೂ ಕತ್ತರಿ ಬಿದ್ದಿತ್ತು. ಮನೆಗೆ ಬರುತ್ತಿದ್ದ ಹಾರರ್ ಟೇಪುಗಳ ಮೇಲೆ ಅಲ್ಲಿ ದೊಡ್ಡ ಗಲಾಟೆಯಾಗಿ, ಸರ್ಕಾರಿ ಅಭಿಯೋಜಕರ ಪಟ್ಟಿಗೆ 72 ಸಿನಿಮಾ ಸೇರಿ, 1984ರಲ್ಲಿ ವಿಡಿಯೋಗೇ ಬೇರೆ ಕಾನೂನು ಬಂತು. ಆಮೇಲೆ ಪೂರ್ತಿ ಸಿನಿಮಾ ಬೇಕೆಂದವರು ಕಾಪಿಯ ಕಾಪಿ ನೋಡಿದರು, ಅಂಗಡಿಯಿಂದ ತಂದವರು ಕತ್ತರಿಸಿದ್ದನ್ನು ನೋಡಿದರು.

ಶಬ್ದದ ಕಥೆ ನನಗೆ ಇನ್ನೂ ಇಷ್ಟ. ಹಾಡು ಕೇಳುವ ಆಡಿಯೋ ಕ್ಯಾಸೆಟ್ಟಿನ ಟೇಪ್ ಸೆಕೆಂಡಿಗೆ 47.6 ಮಿಲಿಮೀಟರ್ ಓಡುತ್ತದೆ. ವಿಎಚ್‌ಎಸ್‌ನ ಸಾದಾ ಧ್ವನಿಪಟ್ಟಿ ಓಡುವುದು ಅದರ ಅರ್ಧ ವೇಗದಲ್ಲಿ. ಹೈ-ಫೈ ಅನ್ನುವ ಉತ್ತಮ ಧ್ವನಿಯ ಸೌಲಭ್ಯ ಇಲ್ಲದ ವಿಸಿಆರ್‌ನಲ್ಲಿ ಸುಂಯ್ ಅನ್ನುವ ಸದ್ದಿನ ಕೆಳಗೆ ಮಾತು ಅರ್ಧಂಬರ್ಧ ಕೇಳುತ್ತಿತ್ತು. ಆದರೆ ಚೀರಾಟ ಮಾತ್ರ ಎದೆಗೇ ಬಂದು ಬಡಿಯುತ್ತಿತ್ತು. ಯಾಕೆ? 2015ರಲ್ಲಿ ಮಿದುಳು ವಿಜ್ಞಾನಿಗಳಾದ ಲೂಕ್ ಆರ್ನಲ್, ಡೇವಿಡ್ ಪೊಪೆಲ್ ಮತ್ತವರ ಸಂಗಡಿಗರು ಚೀರಾಟದ ವಿಶೇಷ ಏನು ಅಂತ ಹುಡುಕಿದಾಗ ಸಿಕ್ಕಿದ್ದು ಅದರ ಒರಟುತನ. ದನಿಯ ಜೋರು ಸೆಕೆಂಡಿಗೆ 30ರಿಂದ 150 ಸಲ ಏರಿಳಿಯುತ್ತದೆ, ಮಾಮೂಲಿ ಮಾತು ಆ ವೇಗಕ್ಕೆ ಹೋಗುವುದೇ ಇಲ್ಲ. ಹೆದರಿಕೆಯ ಜೊತೆ ಕೆಲಸ ಮಾಡುವ ಮಿದುಳಿನ ಅಮಿಗ್ಡಲಾ ಭಾಗ ಇದಕ್ಕೆ ಎಚ್ಚೆತ್ತುಕೊಳ್ಳುತ್ತದೆ. ಕೆಟ್ಟ ಟೇಪ್ ಸಣ್ಣ ಸಣ್ಣ ಕೀರಲು ಸ್ವರಗಳನ್ನು ನುಂಗಿಹಾಕುತ್ತದೆ, ಈ ಒರಟು ಏರಿಳಿತವನ್ನು ನುಂಗುವುದು ಅದಕ್ಕೆ ಕಷ್ಟ ಅನ್ನುವುದು ನನ್ನ ಅನಿಸಿಕೆ.

ಡಿಸ್ಕ್ ಬಂದ ಮೇಲೆ, ಸ್ಟ್ರೀಮಿಂಗ್ ಬಂದ ಮೇಲೆ ಎಲ್ಲರೂ ಒಂದೇ ಸಿನಿಮಾ ನೋಡುತ್ತಿದ್ದೇವೆ ಅಂದುಕೊಂಡರೆ ತಪ್ಪು. ಬ್ಲೂ-ರೇ ಚಿತ್ರಕ್ಕೆ ಸೆಕೆಂಡಿಗೆ 40 ಮೆಗಾಬಿಟ್‌ವರೆಗೆ ಕೊಡಬಲ್ಲದು. ಮೊಬೈಲಿಗೆ ಬರುವುದು ಅದರ ಒಂದು ಸಣ್ಣ ಪಾಲು. ಡೇಟಾ ಉಳಿಸುವಾಗ ಮೊದಲು ಪೆಟ್ಟು ಬೀಳುವುದು ಕತ್ತಲಿಗೆ. ಹಾಗಾಗಿ ರಾತ್ರಿಯ ಕಾಡು ಚೌಕ ಚೌಕವಾಗಿ ಒಡೆದು ಬೂದಿ ಬಣ್ಣದ ಹೆಂಚು ಜೋಡಿಸಿದ ಹಾಗೆ ಕಾಣುತ್ತದೆ. ಟೇಪಿನ ಚುಕ್ಕಿಯಲ್ಲಿ ಮುಖ ಕಾಣಬಹುದು, ಈ ಚೌಕಗಳಲ್ಲಿ ನನಗೆ ಒಂದು ಸಲವೂ ಕಂಡಿಲ್ಲ. ಇನ್ನು ದಿ ಈವಿಲ್ ಡೆಡ್ ಥರದ ಸಿನಿಮಾ, 16 ಎಂಎಂ ಫಿಲ್ಮಿನಲ್ಲಿ ತೆಗೆದು 35ಕ್ಕೆ ಹಿಗ್ಗಿಸಿದ್ದು. ಅದರಲ್ಲಿ ಮರಳಿನ ಹಾಗೆ ಕಾಳು ಕಾಳು ಇರಲೇಬೇಕು. ಕಾಳು ಒರೆಸಿ ನುಣ್ಣಗೆ ಮಾಡಿದರೆ ಮುಖಗಳು ಮೇಣದ ಗೊಂಬೆಗಳಾಗುತ್ತವೆ.

ಕಾಪಿ ಮುಖ್ಯ ಅನ್ನುವುದಕ್ಕೆ ನೈಟ್ ಆಫ್ ದಿ ಲಿವಿಂಗ್ ಡೆಡ್ ಸಿನಿಮಾಗಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. 1968ರಲ್ಲಿ ಬಿಡುಗಡೆಗೆ ಮುಂಚೆ ಅದರ ಹೆಸರು ಬದಲಾಯಿಸಿದರು. ಹೊಸ ಹೆಸರಿನ ಪಟ್ಟಿ ಹಾಕುವಾಗ ಕಾಪಿರೈಟ್ ಸೂಚನೆ ಬಿಟ್ಟುಹೋಯಿತು. ಅಮೆರಿಕದಲ್ಲಿ ಆಗ ಆ ಒಂದು ಸಾಲು ಇಲ್ಲದಿದ್ದರೆ ಹಕ್ಕೇ ಇಲ್ಲ. ಟೇಪಿನ ಕಾಲ ಬಂದಾಗ ಯಾರು ಬೇಕಾದರೂ ಅದನ್ನು ಅಚ್ಚು ಹಾಕಿದರು, ಕೈಗೆ ಸಿಕ್ಕಿದ ಸವೆದ ಪ್ರಿಂಟಿನಿಂದಲೇ. ಎರಡು ಮೂರು ತಲೆಮಾರು ಆ ಸಿನಿಮಾವನ್ನು ಗೀರು ಬಿದ್ದ, ಮಸುಕಾದ, ಸುದ್ದಿ ಚಿತ್ರದಂಥ ರೂಪದಲ್ಲಿ ನೋಡಿ ನಿಜವಾಗಿ ನಡೆದದ್ದೇನೋ ಅನ್ನುವ ಹಾಗೆ ಹೆದರಿದವು. ಮೂಲ ನೆಗೆಟಿವ್‌ನಿಂದ ಸರಿಪಡಿಸಿದ ಕಾಪಿ 2016ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ತೆರೆಕಂಡಿತು. ಎಷ್ಟು ಜಾಗರೂಕತೆಯಿಂದ ಬೆಳಕು ಹಾಕಿ ತೆಗೆದಿದ್ದರು ಅನ್ನುವುದು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಯಾವುದು ನಿಜವಾದ ಸಿನಿಮಾ? ನಾನು ಎರಡನ್ನೂ ಇಟ್ಟುಕೊಂಡಿದ್ದೇನೆ.

ಟೇಪುಗಳಿಗೆ ಹೆಚ್ಚು ದಿನ ಇಲ್ಲ. ಕೊನೆಯ ದೊಡ್ಡ ವಿಸಿಆರ್ ತಯಾರಕರಾಗಿದ್ದ ಜಪಾನಿನ ಫುನಾಯ್ 2016ರಲ್ಲೇ ತಯಾರಿಕೆ ನಿಲ್ಲಿಸಿತು. ಪುಡಿಯನ್ನು ಹಿಡಿದಿಡುವ ಅಂಟು ಗಾಳಿಯ ತೇವ ಹೀರಿ ನಿಧಾನಕ್ಕೆ ಸಡಿಲವಾಗುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಬೂಷ್ಟು ಬೇರೆ. ನಿಮ್ಮ ಮನೆಯ ಅಟ್ಟದಲ್ಲಿ ಹಳೇ ಟೇಪ್ ಇದ್ದರೆ ಕ್ಯಾಸೆಟ್ಟಿನ ಮೇಲಿನ ಕಿಟಕಿಯಂಥ ಜಾಗದಿಂದ ಸುರುಳಿಯನ್ನು ಟಾರ್ಚ್ ಹಾಕಿ ನೋಡಿ. ಬಿಳಿ ಪುಡಿ ಕಂಡರೆ ದಯವಿಟ್ಟು ವಿಸಿಆರ್‌ಗೆ ಹಾಕಬೇಡಿ, ಬೂಷ್ಟು ಹೆಡ್‌ಗೆ ಅಂಟಿ ಅಲ್ಲಿಂದ ಮುಂದಿನ ಟೇಪಿಗೂ ಹೋಗುತ್ತದೆ. ಚೆನ್ನಾಗಿರುವುದನ್ನು ಪುಸ್ತಕದ ಹಾಗೆ ನಿಲ್ಲಿಸಿ, ತೇವ ಇಲ್ಲದ ಕಡೆ ಇಡಿ.

ಆ ಅಂಗಡಿಯ ಟೇಪನ್ನು ಹೋದ ಬೇಸಿಗೆಯಲ್ಲಿ ಕಂಪ್ಯೂಟರಿಗೆ ಇಳಿಸಿದೆ. ಸಾಫ್ಟ್‌ವೇರ್‌ನಲ್ಲಿ ಚುಕ್ಕಿ ಒರೆಸುವ ಒಂದು ಬಟನ್ ಇತ್ತು, ಒತ್ತಲಿಲ್ಲ. ಈಗಲೂ ಆ ಜಾಗಕ್ಕೆ ಬಂದಾಗ ಚಿತ್ರ ನಡುಗುತ್ತದೆ, ಗೆರೆ ಓಡುತ್ತದೆ, ನಾನು ಕಾಲು ಮೇಲೆ ಎಳೆದುಕೊಳ್ಳುತ್ತೇನೆ.