ಕಲ್ಲು ನೆಟ್ಟಾಗಿದೆ, ರಸ್ತೆ ಎಲ್ಲಿ?

ಬೆಂಗಳೂರಿನ ಪೆರಿಫೆರಲ್ ರಿಂಗ್ ರೋಡ್ ವಿಷಯ ಬಂದಾಗಲೆಲ್ಲ ಜನ ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಾರೆ. "ಸರ್, ಇದು ಆಗುತ್ತಾ, ಇಲ್ವಾ?" ರಸ್ತೆಗಳ ಅಳತೆ, ಅಂದಾಜು ಪಟ್ಟಿ ಅಂತಲೇ ವರ್ಷಗಟ್ಟಲೆ ಓಡಾಡಿದವನು ನಾನು. ನನ್ನ ಮರುಪ್ರಶ್ನೆಯೂ ಒಂದೇ: ಜಮೀನಿನ ದುಡ್ಡು ಯಾರು ಕೊಡುತ್ತಾರೆ?

ಗೊತ್ತಿಲ್ಲದವರಿಗೆ ಹೇಳುತ್ತೇನೆ. ತುಮಕೂರು ರಸ್ತೆಯಿಂದ ಹೊರಟು ಬಳ್ಳಾರಿ ರಸ್ತೆ, ಹಳೇ ಮದ್ರಾಸ್ ರಸ್ತೆ ದಾಟಿ ಹೊಸೂರು ರಸ್ತೆಗೆ ಸೇರುವ ಸುಮಾರು 73 ಕಿಲೋಮೀಟರ್ ದಾರಿ ಇದು. ವೃತ್ತದ ಇನ್ನರ್ಧ ನೈಸ್ ಕಂಪನಿಯ ಟೋಲ್ ರಸ್ತೆ. ಬಿಡಿಎ, ಅಂದರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಜಮೀನು ಸ್ವಾಧೀನಕ್ಕೆ ಮೊದಲ ಅಧಿಸೂಚನೆ ಹೊರಡಿಸಿದ್ದು 2005ರಲ್ಲಿ, ಅಂತಿಮ ಅಧಿಸೂಚನೆ 2007ರಲ್ಲಿ. ಆಗ ಶಾಲೆಗೆ ಸೇರಿದ ಮಗು ಈಗ ಕೆಲಸಕ್ಕೆ ಹೋಗುತ್ತಿರಬಹುದು.

100 ಮೀಟರ್ ಅಗಲದ ರಸ್ತೆ ಅಂದರೆ ಒಂದು ಕಿಲೋಮೀಟರಿಗೆ ಹೆಚ್ಚುಕಮ್ಮಿ 25 ಎಕರೆ ಬೇಕು. 73ಕ್ಕೆ ಗುಣಿಸಿ ನೋಡಿ, 1,800 ಎಕರೆ ದಾಟುತ್ತದೆ. ಇದರ ಮೇಲೆ ಇಂಟರ್‌ಚೇಂಜ್, ಟೋಲ್ ಪ್ಲಾಜಾ. ಡಾಂಬರು, ಕಾಂಕ್ರೀಟು, ಸೇತುವೆ ಇವೆಲ್ಲ ಹೇಗೋ ಆಗುತ್ತವೆ. ಜಮೀನೇ ತಲೆನೋವು. 2022ರ ಟೆಂಡರ್ ಹೊತ್ತಿಗೆ ಯೋಜನೆಯ ಮೊತ್ತ ಸುಮಾರು 21 ಸಾವಿರ ಕೋಟಿ, 2024ಕ್ಕೆ 27 ಸಾವಿರ ಕೋಟಿ. ಅದರಲ್ಲಿ ಸಿಂಹಪಾಲು ಪರಿಹಾರಕ್ಕೇ ಹೋಗುವಂಥದ್ದು.

ಇಲ್ಲಿ ಕಾನೂನಿನ ಒಂದು ಗಂಟಿದೆ. 1894ರ ಹಳೇ ಭೂಸ್ವಾಧೀನ ಕಾಯ್ದೆಯ ಲೆಕ್ಕದಲ್ಲಿ ಮೊದಲ ಅಧಿಸೂಚನೆಯ ದಿನದ ಮಾರುಕಟ್ಟೆ ಬೆಲೆ, ಅದರ ಮೇಲೆ ಶೇ 30 ಸಾಂತ್ವನ ಧನ (ಒತ್ತಾಯದಿಂದ ಜಮೀನು ತೆಗೆದುಕೊಳ್ಳುವುದಕ್ಕೆ ಕೊಡುವ ಹೆಚ್ಚುವರಿ ಹಣ), ಒಂದಿಷ್ಟು ಬಡ್ಡಿ. 2013ರ ಕಾಯ್ದೆಯಲ್ಲಿ ಸಾಂತ್ವನ ಧನವೇ ಶೇ 100. ಬಿಡಿಎ ಕಾಯ್ದೆಯಡಿ ನಡೆಯುವ ಸ್ವಾಧೀನಕ್ಕೆ 2013ರ ಕಾಯ್ದೆ ಅನ್ವಯಿಸುವುದಿಲ್ಲ ಅಂತ 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕಾಗದದ ಮೇಲೆ ಸರ್ಕಾರ ಗೆದ್ದ ಹಾಗಾಯಿತು. ಆದರೆ ಇವತ್ತು ಪಕ್ಕದ ಹೊಲ ಎಷ್ಟಕ್ಕೆ ಹೋಗುತ್ತಿದೆ ಅಂತ ಕಣ್ಣಾರೆ ನೋಡುತ್ತಿರುವ ರೈತ 2005ರ ಬೆಲೆಗೆ ಸುಮ್ನೆ ಸಹಿ ಹಾಕುತ್ತಾನಾ? ನಾನಾಗಿದ್ದರೂ ಹಾಕುತ್ತಿರಲಿಲ್ಲ.

ಪರಿಸರ ಅನುಮತಿಯ ಕತೆ ನಮ್ಮಂಥವರಿಗೆ ಪಾಠ ಆಗಬೇಕಿತ್ತು. 2009-10ರ ಚಳಿಗಾಲದಲ್ಲಿ ಸಂಗ್ರಹಿಸಿದ ಮಾಹಿತಿ ಇಟ್ಟುಕೊಂಡು 2014ರಲ್ಲಿ ಅನುಮತಿ ಪಡೆದರು. ಅಷ್ಟು ಹಳೆಯ ಮಾಹಿತಿ ನಡೆಯುವುದಿಲ್ಲ, ಹೊಸದಾಗಿ ಅಧ್ಯಯನ ಮಾಡಿ ಅಂತ 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮರಗಳ ಲೆಕ್ಕವಂತೂ ಮೊದಲು ಐನೂರರ ಆಸುಪಾಸು ಇದ್ದದ್ದು ಆಮೇಲೆ 16 ಸಾವಿರ ದಾಟಿತು. ಮೇಜಿನ ಮುಂದೆ ಕೂತು ಮರ ಎಣಿಸಿದರೆ ಹೀಗೇ ಆಗುವುದು. ನಕ್ಷೆಯಲ್ಲಿ ಖಾಲಿ ಕಂಡ ಜಾಗದಲ್ಲಿ ಹೋಗಿ ನಿಂತರೆ ಬದುವಿನ ಉದ್ದಕ್ಕೂ ಹೊಂಗೆ, ಬೇವು, ಹುಣಸೆ ಇರುತ್ತವೆ. ಇವನ್ನೆಲ್ಲ ಎಣಿಸೋಕೆ ಕಾಲಲ್ಲೇ ನಡೆಯಬೇಕು. ಈ ಕೆಲಸಕ್ಕೆ ಟೆಂಡರಿನಲ್ಲಿ ಇಡುವ ದುಡ್ಡು ನೋಡಿದರೆ ನಗು ಬರುತ್ತದೆ, ಅದು ಬೇರೆ ಮಾತು.

ಈಗ ಹಣಕ್ಕೆ ಬರೋಣ. ಜಪಾನ್ ಸರ್ಕಾರದ ನೆರವು ಸಂಸ್ಥೆ ಜೈಕಾದ ಹೆಸರು ಎಷ್ಟು ವರ್ಷ ಕೇಳಿದ್ದೀವೋ. ಆದರೆ ಜೈಕಾ ಸಾಲ ನಿರ್ಮಾಣಕ್ಕೆ ಸಿಗುತ್ತದೆ, ಜಮೀನು ಕೊಳ್ಳಲು ಸಿಗುವುದಿಲ್ಲ. ಜಮೀನಿನ ಖರ್ಚನ್ನೂ ಗುತ್ತಿಗೆದಾರನೇ ಹೊರಲಿ, ದಶಕಗಟ್ಟಲೆ ಟೋಲ್ ವಸೂಲಿ ಮಾಡಿಕೊಳ್ಳಲಿ ಅಂತ ಟೆಂಡರ್ ಕರೆದರು. ಅದೂ ದಡ ಮುಟ್ಟಲಿಲ್ಲ. ಯಾಕೆ ಅಂತ ಒಂದು ಒರಟು ಲೆಕ್ಕ ಹಾಕಿ. 27 ಸಾವಿರ ಕೋಟಿಗೆ ಶೇ 9ರ ಬಡ್ಡಿ ಅಂದುಕೊಂಡರೆ ವರ್ಷಕ್ಕೆ 2,430 ಕೋಟಿ, ದಿನಕ್ಕೆ ಆರೂವರೆ ಕೋಟಿಗಿಂತ ಜಾಸ್ತಿ. ದಿನಕ್ಕೆ ಒಂದು ಲಕ್ಷ ವಾಹನ ಓಡಿ ಒಂದೊಂದೂ 200 ರೂಪಾಯಿ ಕೊಟ್ಟರೂ ಬರುವುದು ಎರಡು ಕೋಟಿ. ಬಡ್ಡಿಯ ಮೂರನೇ ಒಂದು ಭಾಗವೂ ಆಗಲಿಲ್ಲ, ಅಸಲಿನ ಮಾತು ದೂರವೇ ಉಳಿಯಿತು. ಅದಕ್ಕೇ ಕೊನೆಗೆ ಕೇಂದ್ರ ಸರ್ಕಾರದ ಸಾಲ ಸಂಸ್ಥೆ ಹುಡ್ಕೊದ ಸಾಲ, ಸರ್ಕಾರದ ಖಾತರಿ ಅನ್ನುವ ದಾರಿಗೆ ಬಂದಿದ್ದು.

ಇನ್ನೊಂದು ವಿಷಯ ಯಾರೂ ಜಾಸ್ತಿ ಮಾತಾಡುವುದಿಲ್ಲ. ಬಿಡಿಎಯವರು ತಡ ಮಾಡುತ್ತಾ ಕೂತಾಗ ಇನ್ನೂ ಹೊರಗೆ ಹೆದ್ದಾರಿ ಪ್ರಾಧಿಕಾರದ ಸ್ಯಾಟಲೈಟ್ ಟೌನ್ ರಿಂಗ್ ರೋಡ್ ಮೇಲೆದ್ದಿತು. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರದ ಮೇಲೆ ಹೊಸಕೋಟೆಗೆ 2024ರಲ್ಲೇ ಅದು ತೆರೆದುಕೊಂಡಿದೆ. ತುಮಕೂರು ಕಡೆಯಿಂದ ಚೆನ್ನೈಗೆ ಹೋಗುವ ಲಾರಿ ಇನ್ನು ಒಳಗಿನ ರಸ್ತೆಗೆ ಬಂದು ಯಾಕೆ ಟೋಲ್ ಕಟ್ಟಬೇಕು? ಜಾಸ್ತಿ ಟೋಲ್ ಕೊಡುವುದು ಲಾರಿಗಳೇ ಅಲ್ವಾ. ಹತ್ತು ವರ್ಷ ಹಳೆಯ ಸಂಚಾರ ಅಂದಾಜು ಹಿಡಿದುಕೊಂಡು ಬ್ಯಾಂಕಿಗೆ ಹೋದರೆ ಮೊದಲು ಕೇಳುವ ಪ್ರಶ್ನೆಯೇ ಇದು.

2025ರಲ್ಲಿ ಲೆಕ್ಕಾಚಾರ ಬದಲಾಯಿತು. ಇದೇ ರಸ್ತೆಗೆ ಹೊಸ ಹೆಸರು, ಬೆಂಗಳೂರು ಬಿಸಿನೆಸ್ ಕಾರಿಡಾರ್. ರಸ್ತೆಯ ಅಗಲ 100ರಿಂದ 65 ಮೀಟರಿಗೆ ಇಳಿದಿದೆ. ಉಳಿದ 35 ಮೀಟರನ್ನು ವಾಣಿಜ್ಯ ಜಾಗವಾಗಿ ಜಮೀನು ಕೊಟ್ಟವರಿಗೇ ಹಿಂತಿರುಗಿಸುವ ಯೋಚನೆ, ಜೊತೆಗೆ ಟಿಡಿಆರ್ (ಬೇರೆಡೆ ಬಳಸಲು ಇಲ್ಲವೇ ಮಾರಲು ಬರುವ ಕಟ್ಟಡ ಹಕ್ಕು), ಎಫ್‌ಎಆರ್ (ಉಳಿದ ಜಾಗದಲ್ಲಿ ಹೆಚ್ಚು ಕಟ್ಟಲು ಅವಕಾಶ) ಅಂತ ಬೇರೆ ಆಯ್ಕೆಗಳು. ನಗದು ಕಡಿಮೆ ಬೇಕಾಗುತ್ತದೆ, ಒಪ್ಪುತ್ತೇನೆ, ಇಷ್ಟು ವರ್ಷದಲ್ಲಿ ಬಂದ ಯೋಚನೆಗಳಲ್ಲಿ ಇದೇ ವಾಸಿ. ಆದರೆ ರಸ್ತೆ ಆದರೆ ಮಾತ್ರ ಆ ವಾಣಿಜ್ಯ ಜಾಗಕ್ಕೆ ಬೆಲೆ. ಆಗದಿದ್ದರೆ ರೈತನ ಕೈಯಲ್ಲಿ ಉಳಿಯುವುದು ಜಮೀನಿನ ಒಂದು ಉದ್ದನೆಯ ತುಂಡು. ಆ ಅಪಾಯವನ್ನು ಗುತ್ತಿಗೆದಾರ ಹೊರಲಿಲ್ಲ, ಈಗ ರೈತ ಹೊರಬೇಕು.

ಮೊನ್ನೆ ಒಬ್ಬರು ಸರ್ವೆ ಸ್ಕೆಚ್, ಪಹಣಿ ಎಲ್ಲ ಮಡಿಚಿ ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದುಕೊಂಡು ಬಂದಿದ್ದರು. ಅವರ ಹೊಲದ ಅಂಚಿಗೆ ಗಡಿ ಕಲ್ಲು ನೆಟ್ಟು ಎಷ್ಟೋ ವರ್ಷವಾಗಿದೆ. ಹಳದಿ ಬಣ್ಣ ಉದುರಿಹೋಗಿದೆ, ದನ ಕಟ್ಟೋಕೆ ಅದೇ ಗೂಟ. "ಅಗಲ ಕಡಿಮೆ ಆಯ್ತಲ್ಲ ಸರ್, ಕಲ್ಲು ಎಷ್ಟು ಜರುಗುತ್ತೆ?" ಅಂದರು. ಎರಡೂ ಕಡೆ ಸಮ ಹಂಚಿದರೆ ಹದಿನೇಳೂವರೆ ಮೀಟರ್ ರಸ್ತೆಯ ಕಡೆಗೆ ಹೋಗುತ್ತದೆ ಅಂದೆ. ಒಂದೇ ಕಡೆ ಬಿಟ್ಟರೆ ಪೂರ್ತಿ 35, ಇಲ್ಲವೇ ಸೊನ್ನೆ. ಅವರ ಜಮೀನು ಯಾವ ಕಡೆಗೆ ಬೀಳುತ್ತದೆ ಅಂತ ಹೇಳಲು ಸರ್ವೆ ನಂಬರ್ ಸಮೇತ ಹೊಸ ನಕ್ಷೆ ಬೇಕು. ಅದು ಕೈಗೆ ಸಿಗುವ ತನಕ ಕಲ್ಲು ಮುಟ್ಟಬೇಡಿ, ಯಾವ ಒಪ್ಪಿಗೆ ಪತ್ರಕ್ಕೂ ಸಹಿ ಹಾಕಬೇಡಿ ಅಂತ ಹೇಳಿ ಕಳಿಸಿದೆ.