ಹಾಡಿನ ನಡುವೆ ಪಟ್ಟಿ ಏರಿದರೆ ಗಿಟಾರಿನವರು ಏನು ಮಾಡಬೇಕು?

ಓದುಗರ ಪ್ರಶ್ನೆ: ಸರ, ನಮಸ್ಕಾರ. ನಾ ಜಮಖಂಡಿ ಹತ್ರದ ಹಳ್ಳ್ಯಾಂವ. ಊರಾಗ ನಮ್ಮದೊಂದು ಸಣ್ಣ ಹಾಡಿನ ಮ್ಯಾಳ ಐತಿ. ಪೇಟಿ (ಹಾರ್ಮೋನಿಯಂ) ನಮ್ಮ ಕಾಕಾ ಬಾರಸ್ತಾರ, ನಾ ಗಿಟಾರ. ವಚನ, ಭಜನಿ, ಭಾವಗೀತಿ ಎಲ್ಲಾ ಹಾಡ್ತೀವಿ. ಕಡೀ ನುಡಿಗೆ ಬಂದಾಗ ಹಾಡವ್ರು ಪಟ್ಟಿ (ಹಾಡಿನ ಶ್ರುತಿ) ಏರಸ್ತಾರ. ಗಂಡಸರು ಹಾಡಿದ್ದನ್ನ ಅಕ್ಕೋರು ಎತ್ಗೊಂಡಾಗಂತೂ ಪಟ್ಟಿ ಎಲ್ಲಿಂದ ಎಲ್ಲಿಗೋ ಹೋಗತೈತಿ. ಕಾಕಾಗ ತ್ರಾಸಿಲ್ಲ. ನಾ ಕ್ಯಾಪೊ (ಗಿಟಾರಿನ ತಂತಿ ಒತ್ತಿ ಹಿಡಿಯೂ ಕ್ಲಿಪ್) ತಗದು ಮತ್ತ ಹಾಕೂದ್ರಾಗ ಅರ್ಧಾ ನುಡಿ ಮುಗದಿರತೈತಿ. ರೋಲಿಂಗ್ ಕ್ಯಾಪೊ ಅಂತ ಒಂದು ಬರತೈತಂತ. ಅದನ್ನ ತಗೊಂಡ್ರ ಈ ಕಾಟ ತಪ್ಪತೈತೇನ್ರಿ?

ಉತ್ತರ: ಅರ್ಧ ಕಾಟ ತಪ್ಪುತ್ತದೆ. ಉಳಿದರ್ಧಕ್ಕೆ ರೋಲಿಂಗ್ ಕ್ಯಾಪೊ ಬೇಕಾಗಿಯೇ ಇಲ್ಲ. ನಿಮ್ಮ ಹತ್ತಿರ ಈಗಿರುವ ಕ್ಯಾಪೊ ಹಾಕಿದಲ್ಲೇ ಇದ್ದರೂ ಆ ಕೆಲಸ ಆಗುತ್ತದೆ. ನೀವು ಕೇಳಿರುವುದು ಎರಡು ಬೇರೆ ಬೇರೆ ತೊಂದರೆ: ಕೊನೆಯ ನುಡಿಗೆ ಒಂದೆರಡು ಮನೆ (ಪೇಟಿಯಲ್ಲಿ ಕರಿ-ಬಿಳಿ ಎರಡನ್ನೂ ಸೇರಿಸಿ ಎಣಿಸಿದ ಒಂದೊಂದು ಕೀಲಿ) ಏರುವುದು ಒಂದು, ಗಂಡು ದನಿಯಿಂದ ಹೆಣ್ಣು ದನಿಗೆ ಹಾರುವುದು ಇನ್ನೊಂದು. ಎರಡಕ್ಕೂ ಒಂದೇ ಔಷಧ ಅಲ್ಲ.

ಮೊದಲು ಈ ವಸ್ತು ಹೇಗಿರುತ್ತದೆ ನೋಡೋಣ. ಸಾಮಾನ್ಯ ಕ್ಯಾಪೊ ಗಿಟಾರಿನ ಕತ್ತನ್ನು, ಅಂದರೆ ನೆಕ್ಕನ್ನು, ಕಚ್ಚಿ ಕೂರುತ್ತದೆ. ರೋಲಿಂಗ್ ಕ್ಯಾಪೊದಲ್ಲಿ ಕಚ್ಚುವ ಬದಲು ಎರಡು ರೋಲರ್‌ಗಳಿರುತ್ತವೆ. ಒಂದು ತಂತಿಗಳ ಮೇಲೆ, ಇನ್ನೊಂದು ನೆಕ್ಕಿನ ಬೆನ್ನಿಗೆ. ಎರಡೂ ತುದಿಯಲ್ಲಿರುವ ಸ್ಪ್ರಿಂಗುಗಳು ಅವನ್ನು ಒಂದರತ್ತ ಇನ್ನೊಂದನ್ನು ಎಳೆದು ಹಿಡಿದಿರುತ್ತವೆ. ಎಡಗೈಯಿಂದ ದೂಡಿದರೆ ಒತ್ತಡ ಬಿಡದೆ ಫ್ರೆಟ್ (ನೆಕ್ಕಿಗೆ ಅಡ್ಡಲಾಗಿರುವ ಲೋಹದ ಗೆರೆ) ಮೇಲಿಂದ ಫ್ರೆಟ್‌ಗೆ ಉರುಳಿಕೊಂಡು ಹೋಗುತ್ತದೆ. ತೆಗೆಯುವುದೂ ಇಲ್ಲ, ಮತ್ತೆ ಹಾಕುವುದೂ ಇಲ್ಲ. ಗ್ಲೈಡರ್ ಎಂಬ ಹೆಸರಿನದು ಈ ಬಗೆಯದು. ಕೆಲಸ ಮಾತ್ರ ಎಲ್ಲ ಕ್ಯಾಪೊಗಳದ್ದೂ ಒಂದೇ: ಒಂದು ಫ್ರೆಟ್ ಮೇಲೆ ಹೋದರೆ ಪಟ್ಟಿ ಒಂದು ಮನೆ ಮೇಲೆ. ಸ್ಕೇಲ್ ಚೇಂಜರ್ ಪೇಟಿಯಲ್ಲಿ ರೀಡುಗಳು ಇದ್ದಲ್ಲೇ ಇದ್ದು ಮನೆಗಳ ಹಲಗೆ ಸರಿಯುತ್ತದಲ್ಲ, ಬೆರಳು ಹಳೆಯದನ್ನೇ ಬಾರಿಸಿದರೂ ನಾದ ಬೇರೆ ಪಟ್ಟಿಯಲ್ಲಿ ಬರುತ್ತದಲ್ಲ, ಹಾಗೆಯೇ ಇದು.

ಪೇಟಿಯ ಮಾತು ಬಂದಿದ್ದು ಒಳ್ಳೆಯದೇ ಆಯಿತು. ನಮ್ಮದು ಪೇಟಿಯ ಸೀಮೆ. ಪಂಡಿತ ರಾಮಭಾವು ಬಿಜಾಪುರೆಯವರಂಥ ವಾದಕರು ಬೆಳಗಾವಿಯಲ್ಲಿ ಕೂತು ತಲೆಮಾರುಗಳಿಗೆ ಕಲಿಸಿದ ನಾಡಿದು. ಇಲ್ಲಿ ಹಾಡುವವರು ಯಾರೂ ‘ನನ್ನದು ಸಿ ಶಾರ್ಪ್’ ಅನ್ನುವುದಿಲ್ಲ. ಕರಿ ಒಂದು, ಬಿಳಿ ಎರಡು ಅನ್ನುತ್ತಾರೆ. ಬೆಳಗಾವಿ ಪೇಟೆಯಲ್ಲಾದರೆ ಕಾಳಿ ಏಕ, ಪಾಂಢರಿ ದೋನ. ಗಿಟಾರಿನವರು ಈ ಲೆಕ್ಕ ಬಾಯಿಪಾಠ ಮಾಡಿಕೊಳ್ಳದೆ ಯಾವ ಕ್ಯಾಪೊ ಕೊಂಡರೂ ಕಾಕಾನ ಮುಖ ನೋಡುತ್ತ ಕೂರಬೇಕಾಗುತ್ತದೆ. ಬಿಳಿ 1ರಿಂದ 7ರವರೆಗೆ ಕ್ರಮವಾಗಿ ಸಿ, ಡಿ, ಇ, ಎಫ್, ಜಿ, ಎ, ಬಿ. ಕರಿ 1 ಸಿ ಶಾರ್ಪ್, 2 ಡಿ ಶಾರ್ಪ್, 3 ಎಫ್ ಶಾರ್ಪ್, 4 ಜಿ ಶಾರ್ಪ್, 5 ಎ ಶಾರ್ಪ್. ಬಿಳಿ 3 ಮತ್ತು 4ರ ನಡುವೆ, ಹಾಗೆಯೇ 7 ಮತ್ತು ಮುಂದಿನ 1ರ ನಡುವೆ ಕರಿ ಮನೆ ಇಲ್ಲ. ಅವಸರದಲ್ಲಿ ಎಣಿಸುವವರು ಎಡವುವುದು ಇಲ್ಲಿಯೇ.

ಈಗ ಗಂಡು-ಹೆಣ್ಣು ದನಿಯ ಸಂಗತಿ. ಗಂಡಸರು ಕರಿ 1ರಲ್ಲಿ, ಹೆಂಗಸರು ಕರಿ 4ರಲ್ಲಿ ಹಾಡುವುದು ನಮ್ಮಲ್ಲಿ ತೀರ ಸಾಮಾನ್ಯ. ಫ್ರೆಟ್ ಎಣಿಸಿದರೆ ಇದು 7 ಮನೆ ಏರಿಕೆ ಅಥವಾ 5 ಮನೆ ಇಳಿಕೆ. ಇಷ್ಟು ದೂರ ರೋಲರ್ ಉರುಳಿಸಿದರೆ ಗಿಟಾರ್ ಗಿಟಾರಾಗಿ ಉಳಿಯುವುದಿಲ್ಲ, 8ನೇ ಫ್ರೆಟ್ಟಿನಲ್ಲಿ ಮ್ಯಾಂಡೊಲಿನ್ ಆಗುತ್ತದೆ. ಅದರ ಬದಲು ಹೀಗೆ ನೋಡಿ. ಕರಿ 4 ಅಂದರೆ ಕರಿ 1ರ ಪಂಚಮ. ಬಯಲು ಗಿಟಾರಿನಲ್ಲಿ, ಅಂದರೆ ಕ್ಯಾಪೊ ಹಾಕದೆ, ಸಿ ಸಾ ಆದರೆ ಜಿ ಪಂಚಮ. ಕ್ಯಾಪೊ 1ನೇ ಫ್ರೆಟ್ಟಿನಲ್ಲಿ ಹಾಕಿ ಸಿ ಶೇಪಿನಲ್ಲಿ, ಅಂದರೆ ಸಿ ಪಟ್ಟಿಯ ಕಾರ್ಡುಗಳಿಗೆ ಬೆರಳು ಹಿಡಿಯುವ ರೀತಿಯಲ್ಲಿ, ಬಾರಿಸಿದರೆ ಕರಿ 1 ಬಂತು. ಅದೇ ಕ್ಯಾಪೊ, ಅದೇ ಜಾಗ, ಜಿ ಶೇಪಿಗೆ ಹೋದರೆ ಕರಿ 4 ಬಂತು. ಕ್ಯಾಪೊ ಕೂದಲೆಳೆಯಷ್ಟೂ ಅಲುಗಲಿಲ್ಲ. ಜೋಡಿ ಬಿಳಿ 2 ಮತ್ತು ಬಿಳಿ 6 ಆಗಿದ್ದರೆ ಕ್ಯಾಪೊ 2ರಲ್ಲಿ, ಕರಿ 2 ಮತ್ತು ಕರಿ 5 ಆಗಿದ್ದರೆ 3ರಲ್ಲಿ. ಶೇಪುಗಳು ಅವೇ, ಸಿ ಮತ್ತು ಜಿ.

ಸಿ ಶೇಪಿನಲ್ಲಿ ಬಾರಿಸುವಾಗ ಎಫ್ ಕಾರ್ಡ್ (ಒಂದೇ ಬೆರಳಿನಿಂದ ಹಲವು ತಂತಿ ಒತ್ತುವ ಬಾರೆ) ಬಂದು ಕಾಡುತ್ತದೆ ಎಂದು ಕೆಲವರ ದೂರು. ಅಂಥವರು ಕರಿ 1 - ಕರಿ 4ರ ಜೋಡಿಗೆ ಕ್ಯಾಪೊವನ್ನು 4ನೇ ಫ್ರೆಟ್ಟಿಗೆ ಹಾಕಲಿ. ಗಂಡಸರಿಗೆ ಎ ಶೇಪ್, ಹೆಂಗಸರಿಗೆ ಇ ಶೇಪ್. ಎಫ್ ತಪ್ಪುತ್ತದೆ, ಆದರೆ ಇ ಶೇಪಿನಲ್ಲಿ ಬಿ ಬಂದು ಕೂರುತ್ತದೆ. ಅದಕ್ಕೆ ಬಿ ಸೆವೆನ್ ಹಿಡಿದು ಪಾರಾಗಬಹುದು. ನನಗೆ ಮಾತ್ರ 1ನೇ ಫ್ರೆಟ್ಟಿನ ದುಂಡು ನಾದವೇ ಇಷ್ಟ. ಎಫ್ ಕಲಿಯುವುದೇ ಮೇಲು.

ಕೊನೆಯ ನುಡಿಗೆ ಒಂದೆರಡು ಮನೆ ಏರುವುದಕ್ಕೆ ಮಾತ್ರ ರೋಲಿಂಗ್ ಕ್ಯಾಪೊವನ್ನು ಮೀರಿಸಿದ್ದು ಇಲ್ಲ. ಇಲ್ಲಿ ಶೇಪ್ ಬದಲಿಸಿ ಪಾರಾಗುವುದು ಕಷ್ಟ. ಜಿ ಶೇಪಿನಿಂದ ಎ ಶೇಪಿಗೆ ಹೋಗಬಹುದು, ನಿಜ. ಆದರೆ ಇಡೀ ಹಾಡಿನ ಕಾರ್ಡುಗಳನ್ನು, ನಡುವೆ ಬಾರಿಸುವ ಸಣ್ಣ ತಂತಿಯ ತುಣುಕುಗಳನ್ನು ಎರಡೆರಡು ಸಲ ಕಲಿಯಬೇಕಾಗುತ್ತದೆ. ಒಂದೇ ಮನೆ ಏರಿದರಂತೂ ಜಿ ಶಾರ್ಪಿನಲ್ಲಿ ಬಯಲು ತಂತಿಯ ಶೇಪೇ ಸಿಗುವುದಿಲ್ಲ, ಬಾರೆ ಹಿಡಿದು ಕೈ ನೋಯಿಸಿಕೊಳ್ಳಬೇಕು. ರೋಲರ್ ಇದ್ದರೆ ಕೈಗೆ ರೂಢಿಯಾದ ಹಿಡಿತ ಹಾಗೇ ಇರುತ್ತದೆ, ಪಟ್ಟಿ ಮಾತ್ರ ಏರುತ್ತದೆ.

ಉರುಳಿಸುವ ಹೊತ್ತಿನಲ್ಲಿ ಎಡಗೈ ಕಾರ್ಡ್ ಹಿಡಿದಿರುವುದಿಲ್ಲ ಎಂಬುದು ನೆನಪಿರಲಿ. ಆ ಖಾಲಿ ಹೊತ್ತನ್ನು ತಾಳದೊಳಗೆ ಎಲ್ಲಿ ಅಡಗಿಸಬೇಕು ಎನ್ನುವುದೇ ಇದರ ಕಸುಬು. ಅಕ್ಕೋರು ಕರಿ 4ರಲ್ಲಿ ಹಾಡುತ್ತಿದ್ದಾರೆ, ಕೊನೆಯ ನುಡಿಗೆ ಕರಿ 5ಕ್ಕೆ ಏರುತ್ತಾರೆ ಅಂದುಕೊಳ್ಳಿ. ನೀವು ಜಿ ಶೇಪಿನಲ್ಲಿ ಇದ್ದೀರಿ, ಕ್ಯಾಪೊ 1ರಿಂದ 3ಕ್ಕೆ ಹೋಗಬೇಕು. ಹೊಸ ಪಟ್ಟಿಯ ಪಂಚಮದ ಕಾರ್ಡ್ ಮೊದಲೇ ಕೇಳಿಸಿದರೆ ಕಿವಿ ತಾನಾಗಿ ಅತ್ತ ಹೊರಳುತ್ತದೆ. ಕರಿ 5ಕ್ಕೆ ಪಂಚಮ ಬಿಳಿ 4. ಕ್ಯಾಪೊ ಇನ್ನೂ 1ರಲ್ಲೇ ಇರುವಾಗ ಇ ಮೇಜರ್ ಶೇಪ್ ಹಿಡಿದರೆ ಅದೇ ಬರುತ್ತದೆ. ಆ ಇ ಶೇಪಿನಲ್ಲಿ ಹಳೆಯ ಪಟ್ಟಿಗೆ ಸೇರದ ಸ್ವರ ಒಂದಿದೆ. ‘ಏರುತ್ತಿದ್ದೇವೆ’ ಎಂದು ಹಾಡುವವರಿಗೆ ಅದೇ ಸೂಚನೆ, ಕಣ್ಸನ್ನೆ ಬೇಕಿಲ್ಲ. ಕೆಹರವಾ ತಾಳದ 8 ಮಾತ್ರೆಗಳಲ್ಲಿ ಮೊದಲ 4 ಮಾತ್ರೆ ಈ ಇ ಶೇಪ್ ಬಾರಿಸಿ. 5ನೆಯದಕ್ಕೆ ಬಲಗೈ ಅಂಚನ್ನು ತಂತಿಗಳ ಮೇಲಿಟ್ಟು ನಾದ ಮುಚ್ಚಿ, ಉರುಳಿಸಿ, ಸಮ್‌ಗೆ (ಮುಂದಿನ ಆವರ್ತದ ಮೊದಲ ಮಾತ್ರೆಗೆ) ಸರಿಯಾಗಿ ಜಿ ಶೇಪಿಗೆ ಇಳಿಯಿರಿ. ನಿಮಿಷಕ್ಕೆ 120 ಮಾತ್ರೆಯ ಲಯದಲ್ಲಿ ಈ ನಾಲ್ಕು ಮಾತ್ರೆ ಅಂದರೆ 2 ಸೆಕೆಂಡು, ರೂಢಿಯಾದ ಕೈಗೆ ಧಾರಾಳ ಸಮಯ. ದಾದರಾದ 6 ಮಾತ್ರೆಯಾದರೆ ಸ್ವಲ್ಪ ಇಕ್ಕಟ್ಟು. ಮೂರು ಬಾರಿಸಿ ಮೂರರಲ್ಲಿ ಉರುಳಿಸಬೇಕು.

ಒಂದೇ ಮನೆ ಏರುವುದಾದರೆ ಈ ಇ ಶೇಪಿನ ಉಪಾಯ ನಡೆಯುವುದಿಲ್ಲ. ಆಗ ಡಿ ಶೇಪ್ ಬಾರಿಸಿ, ಮುಚ್ಚಿ, ಒಂದು ಫ್ರೆಟ್ ಉರುಳಿಸಿ, ಅಲ್ಲಿ ಮತ್ತೆ ಡಿ ಶೇಪನ್ನೇ ಒಂದು ಏಟು ಬಾರಿಸಿ ಜಿಗೆ ಬನ್ನಿ. ಎಲ್ಲಕ್ಕಿಂತ ಸುಲಭದ ದಾರಿ ಬೇರೆ ಇದೆ: ತಬಲಾದವರನ್ನು ಕೇಳಿ ಆ ಜಾಗದಲ್ಲಿ ಒಂದು ತಿಹಾಯಿ (ಒಂದೇ ತುಣುಕನ್ನು ಮೂರು ಸಲ ಬಾರಿಸಿ ಮುಗಿಸುವುದು) ಹಾಕಿಸಿಕೊಳ್ಳಿ. ಜನ ತಿಹಾಯಿ ಕೇಳುತ್ತಿರುತ್ತಾರೆ, ನೀವು ನಿಶ್ಚಿಂತೆಯಿಂದ ಉರುಳಿಸುತ್ತಿರುತ್ತೀರಿ. ತಬಲಾದವರಿಗೂ ಖುಷಿ.

ಉರುಳಿಸುವ ಕೈಯ ಬಗ್ಗೆ ಎರಡು ಮಾತು. ಹೆಬ್ಬೆರಳು ಮತ್ತು ತೋರುಬೆರಳಿನಿಂದ ಎರಡೂ ತುದಿಗೆ ಸಮನಾಗಿ ದೂಡಬೇಕು. ಒಂದೇ ತುದಿಗೆ ಒತ್ತಿದರೆ ರೋಲರ್ ಸೊಟ್ಟಗಾಗಿ ಒಂದು ಬದಿಯ ತಂತಿಗಳು ಗರಗರ ಅನ್ನುತ್ತವೆ. ಇನ್ನೊಂದು, ಫ್ರೆಟ್ಟುಗಳ ಅಂತರ ಒಂದೇ ಸಮ ಇಲ್ಲ. ನಟ್‌ನಿಂದ (ತಲೆಯ ಕಡೆಯ ಕಟ್ಟೆ) ಬ್ರಿಜ್‌ವರೆಗೆ (ದೇಹದ ಮೇಲಿನ ಕಟ್ಟೆ) 648 ಮಿಲಿಮೀಟರ್ ಇರುವ ಗಿಟಾರಿನಲ್ಲಿ 1ರಿಂದ 3ನೇ ಫ್ರೆಟ್ಟಿಗೆ ಸುಮಾರು 67 ಮಿಲಿಮೀಟರ್ ದೂರ, 5ರಿಂದ 7ಕ್ಕೆ 53. ಹೀಗಾಗಿ ‘ಎರಡು ಮನೆ ದೂಡುವುದು’ ಎಂದು ಕೈಗೆ ಒಂದೇ ಅಳತೆ ಕಲಿಸಲು ಆಗುವುದಿಲ್ಲ. ಯಾವ ಹಾಡಿಗೆ ಎಲ್ಲಿಂದ ಎಲ್ಲಿಗೆ ಎಂದು ಗೊತ್ತು ಮಾಡಿಕೊಂಡು ಆ ದೂರವನ್ನೇ ತಾಲೀಮು ಮಾಡಬೇಕು. ನಿಲ್ಲಿಸುವುದು ಫ್ರೆಟ್ಟಿನ ಬೆನ್ನಿಗೆ ಒತ್ತಿಕೊಂಡು. ನಡುವೆ ನಿಂತರೆ ತಂತಿ ಹೆಚ್ಚು ಬಾಗಿ ಶ್ರುತಿ ಏರುತ್ತದೆ, ಫ್ರೆಟ್ಟಿನ ಮೇಲೇ ನಿಂತರೆ ನಾದ ಮಂಕಾಗುತ್ತದೆ. ಪಟ್ಟಿ ಇಳಿಸುವ ಹಾಡಿದ್ದರೆ ಮೊದಲೇ 3 ಅಥವಾ 4ರಲ್ಲಿ ಶುರು ಮಾಡಿ. ಬಯಲು ಗಿಟಾರಿನಿಂದ ಕೆಳಗಿಳಿಯಲು ಜಾಗವೇ ಇರುವುದಿಲ್ಲ.

ಶ್ರುತಿಯ ವಿಷಯದಲ್ಲಿ ಪೇಟಿಯ ಜೊತೆಗಿರುವವರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ಹಳೆಯ ಪೇಟಿಗಳ ರೀಡು ಎಷ್ಟೋ ಸಲ ಟ್ಯೂನರಿನ ಲೆಕ್ಕಕ್ಕಿಂತ ತುಸು ಮೇಲೋ ಕೆಳಗೋ ಇರುತ್ತದೆ. ಮೊಬೈಲ್ ಟ್ಯೂನರ್ ಹಸಿರು ದೀಪ ತೋರಿಸಿತೆಂದು ನೀವು ಕೂತರೆ ಇಡೀ ಕಾರ್ಯಕ್ರಮ ಕಾಕಾನ ಪೇಟಿಗೂ ನಿಮಗೂ ಜಗಳ. ಪೇಟಿಯನ್ನು ವೇದಿಕೆಯ ಮೇಲೆ ಶ್ರುತಿ ಮಾಡಲಾಗದು, ಗಿಟಾರ್ ಮಾಡಬಹುದು. ಆದ್ದರಿಂದ ಬಗ್ಗಬೇಕಾದವರು ನೀವೇ. ಗಿಟಾರಿನ ಆರೂ ಬಯಲು ತಂತಿ ಬಿಳಿ ಮನೆಗಳಲ್ಲೇ ಸಿಗುತ್ತವೆ: ದಪ್ಪ ತಂತಿಯಿಂದ ಶುರುಮಾಡಿ ಬಿಳಿ 3, 6, 2, 5, 7, ಮತ್ತೆ 3. ಕಾಕಾಗೆ ಹೇಳಿ ಒಂದೊಂದೇ ಮನೆ ಒತ್ತಿಸಿಕೊಂಡು ಕೂಡಿಸಿ. ಆಮೇಲೆ ಕ್ಯಾಪೊ ಹಾಕಿ ಮತ್ತೆ ನೋಡಿ. 1ನೇ ಫ್ರೆಟ್ಟಿನಲ್ಲಿ ಅವೇ ತಂತಿಗಳು ಬಿಳಿ 4, ಕರಿ 5, ಕರಿ 2, ಕರಿ 4, ಬಿಳಿ 1, ಬಿಳಿ 4 ಆಗುತ್ತವೆ.

ನೆಕ್ಕು ದೇಹದ ಕಡೆ ಹೋದಂತೆ ದಪ್ಪವಾಗುತ್ತದೆ, ರೋಲರಿನ ಸ್ಪ್ರಿಂಗ್ ಅಷ್ಟೂ ಹಿಗ್ಗಿ ಬಿಗಿಯಾಗಿ ಒತ್ತುತ್ತದೆ, ತಂತಿ ಚೂರು ಶ್ರುತಿ ಏರುತ್ತದೆ. ಹಾಡಿನ ನಡುವೆ ಗಿಟಾರಿನ ಕಿವಿ (ಶ್ರುತಿಯ ಗೂಟ) ತಿರುವಲು ಆಗದು. ಶುರುವಿನ ಜಾಗದಲ್ಲಿ ನಿಖರವಾಗಿ ಕೂಡಿಸಿಕೊಂಡು ಕೊನೆಯ ಜಾಗದ ಚೂರು ಏರಿಕೆ ಸಹಿಸಿಕೊಳ್ಳುವುದು ನನ್ನ ಸಲಹೆ. ಶುರುವಿನಲ್ಲಿ ಬರೀ ಗಿಟಾರ್ ಮತ್ತು ಒಂದು ದನಿ ಇರುತ್ತದೆ, ತಪ್ಪು ಎದ್ದು ಕಾಣುತ್ತದೆ. ಕೊನೆಯ ನುಡಿಯಲ್ಲಿ ತಾಳ, ತಬಲಾ, ಇಡೀ ಮ್ಯಾಳದ ದನಿ. 7ನೇ ಫ್ರೆಟ್ ದಾಟಿ ಹೋಗದಿದ್ದರೆ ಇದು ಯಾರಿಗೂ ಗೊತ್ತಾಗುವುದಿಲ್ಲ.

ಕೊಳ್ಳಬೇಕೋ ಬೇಡವೋ? ಇಡೀ ಕಾರ್ಯಕ್ರಮದಲ್ಲಿ ಒಂದೇ ಹಾಡು ಏರುವುದಾದರೆ ಬೇಡ. ಒತ್ತಿ ಬಿಡಿಸುವ ಸ್ಪ್ರಿಂಗ್ ಕ್ಯಾಪೊವನ್ನೇ ಒಂದು ಕೈಯಲ್ಲಿ ಹಿಚುಕಿ ಸರಿಸುವುದನ್ನು ತಿಹಾಯಿಯ ಜೊತೆ ರೂಢಿಸಿಕೊಂಡರೆ ಸಾಕು. ನಿಮ್ಮ ಹಾಗೆ ಪ್ರತಿ ಮೂರನೇ ಹಾಡಿಗೆ ಪಟ್ಟಿ ಏರಿಸುವವರ ಜೊತೆ ಬಾರಿಸುವವರು ತೆಗೆದುಕೊಳ್ಳಿ. ಅಂಗಡಿಯಲ್ಲಿ ಸಿಕ್ಕರೆ ನಿಮ್ಮ ಗಿಟಾರನ್ನೇ ಒಯ್ದು ಹಾಕಿ ನೋಡಿ. ಆರೂ ತಂತಿ ಒಂದೊಂದಾಗಿ ಮೀಟಿ, 1, 4, 7 ಮೂರೂ ಕಡೆ ಗರಗರ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರಿನ ನೆಕ್ಕು ಅಗಲ, ಮೇಲ್ಮೈ ಚಪ್ಪಟೆ. ಸ್ಟೀಲ್ ತಂತಿಯ ಗಿಟಾರಿಗೆ ಮಾಡಿದ್ದು ಅದಕ್ಕೆ ಹೊಂದುತ್ತದೆಂದು ನಂಬಿ ತರಿಸಬೇಡಿ.

ಬಾರಿಸಿ ಮುಗಿದ ಮೇಲೆ ಕ್ಯಾಪೊ ಬಿಚ್ಚಿ ಚೀಲದಲ್ಲಿಡಿ. ನೆಕ್ಕಿಗೆ ಬಿಗಿದೇ ಬಿಟ್ಟರೆ ರಬ್ಬರಿನಲ್ಲಿ ತಂತಿಯ ಗುರುತು ಬೀಳುತ್ತದೆ, ಆಮೇಲೆ ನುಣ್ಣಗೆ ಉರುಳುವುದಿಲ್ಲ. ಮೇ ತಿಂಗಳ ಬಿಸಿಲಿನಲ್ಲಿ ವಿಜಯಪುರ, ಬಾಗಲಕೋಟೆ ಕಡೆ ಕಾರ್ಯಕ್ರಮಕ್ಕೆ ಹೋದಾಗ ಗಿಟಾರನ್ನೂ ಕ್ಯಾಪೊವನ್ನೂ ಮುಚ್ಚಿದ ಗಾಡಿಯಲ್ಲಿ ಬಿಟ್ಟು ಊಟಕ್ಕೆ ಕೂರಬೇಡಿ.